ನಾಫೆಡ್‌ಗೆ ತೊಗರಿ ಹಾಕಿ ಎಂಟು ವರ್ಷ: ರೇಟು ಸರಿ, ತೂಕ ಸರಿ, ಆದರೆ ಆ ಹನ್ನೆರಡು ಪರ್ಸೆಂಟ್ ಇದೆಯಲ್ಲ...

12.9.

2025ರ ಫೆಬ್ರವರಿಯಲ್ಲಿ ಖರೀದಿ ಕೇಂದ್ರದ ಮೇಜಿನ ಮೇಲಿದ್ದ ಪುಟ್ಟ ಮಷಿನ್ ತೋರಿಸಿದ ಅಂಕಿ ಇದು. ತೊಗರಿಯ ತೇವಾಂಶ 12 ಪರ್ಸೆಂಟ್ ಒಳಗಿರಬೇಕು. ನನ್ನದು 12.9. ಹಿಂದೆ ಬಾಡಿಗೆ ಟ್ರ್ಯಾಕ್ಟರ್, ಅದರಲ್ಲಿ 22 ಕ್ವಿಂಟಲ್ ಕಾಳು, ರಾತ್ರಿಯೆಲ್ಲ ಸರದಿಯಲ್ಲಿ ನಿದ್ದೆಗೆಟ್ಟ ನಾನು.

"ಹಸಿ ಅದರಿ ಅಣ್ಣಾ. ಒಣಗಿಸ್ಕೊಂಡ್ ಬರ್ರಿ" ಅಂದ ಮಷಿನ್ ಹಿಡಿದ ಹುಡುಗ. ಅಷ್ಟೇ. ಮುಂದಿನ ಸ್ಯಾಂಪಲ್‌ಗೆ ಕೈ ಹಾಕಿದ.

ಬೆಂಬಲ ಬೆಲೆಗೆ ತೊಗರಿ ಮಾರೋದು ಹೇಗೆ, ಯಾವ ಕಾಗದ ಬೇಕು ಅಂತ ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ಅದನ್ನು ನಾನು ಬರೆಯಲ್ಲ. ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೂತು, 2017ರಿಂದ ಈ ವ್ಯವಸ್ಥೆಯನ್ನು ಆಗಾಗ ಬಳಸಿದವನಾಗಿ, ಯಾವುದು ಸಿಟ್ಟು ತರಿಸಿತು, ಯಾವುದು ಖುಷಿ ಕೊಟ್ಟಿತು ಅನ್ನೋದಷ್ಟೇ ಬರೀತೀನಿ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಕಡೆ ಎಲ್ಲರೂ "ನಾಫೆಡ್‌ಗೆ ಹಾಕಿದೆ" ಅಂತಲೇ ಹೇಳುವುದು. ಆದರೆ ದೆಹಲಿಯ ನಾಫೆಡ್ ನಮ್ಮೂರಿಗೆ ಬಂದು ಚೀಲ ಹೊಲಿಯುವುದಿಲ್ಲ. 1958ರ ಗಾಂಧಿ ಜಯಂತಿಯಂದು ಶುರುವಾದ, ರೈತರ ಬೆಳೆ ಕೊಂಡು ಮಾರುವ ಸಹಕಾರಿ ಮಹಾಮಂಡಳ ಅದು. ಖರೀದಿ ಅದರ ಲೆಕ್ಕಕ್ಕೆ. ನಡುವೆ ರಾಜ್ಯದ ಏಜೆನ್ಸಿ ಇರುತ್ತದೆ, ಕೆಳಗೆ ಊರಿನ ಸಹಕಾರ ಸಂಘ. ನಾವು ಜಗಳ ಆಡುವುದೂ ಚಹಾ ಕುಡಿಯುವುದೂ ಈ ಕೆಳಗಿನವರ ಜೊತೆಗೇ. ಹಾಗಾಗಿ ನನ್ನ ಬೈಗುಳದಲ್ಲಿ ಮುಕ್ಕಾಲು ಪಾಲು ನಮ್ಮ ಖರೀದಿ ಕೇಂದ್ರಕ್ಕೆ ಸೇರಿದ್ದು. ಅದರ ಹೆಸರು ಬೇಡ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕಲ್ವಾ.

ನಾನು ಮೊದಲ ಸಲ ಹೋಗಿದ್ದು 2017ರಲ್ಲಿ. 2015ರಲ್ಲಿ ತೊಗರಿಬೇಳೆ ಕೆಜಿಗೆ 200ರ ಹತ್ತಿರ ಹೋಗಿತ್ತು, ನೆನಪಿರಬಹುದು. ಅದನ್ನು ನೋಡಿ ಮುಂದಿನ ಮುಂಗಾರಿಗೆ ಇಡೀ ಜಿಲ್ಲೆ ತೊಗರಿ ಬಿತ್ತಿತು. ನಾನೂ ಬಿತ್ತಿದೆ. ಮಳೆಯೂ ಕೈ ಕೊಡಲಿಲ್ಲ. ರಾಶಿ ಮುಗಿಯುವಷ್ಟರಲ್ಲಿ ಪೇಟೆ ಧಾರಣೆ ಕ್ವಿಂಟಲ್‌ಗೆ 5,000ಕ್ಕಿಂತ ಕೆಳಗೆ ಕೂತಿತ್ತು. ಕೇಂದ್ರ ಸರ್ಕಾರದ 5,050ಕ್ಕೆ ರಾಜ್ಯದ 450 ಸೇರಿ ಖರೀದಿ ಕೇಂದ್ರದಲ್ಲಿ 5,500. ಯಾರು ಬಿಡ್ತಾರೆ? ಊರಿಗೆ ಊರೇ ಅಲ್ಲಿ ನಿಂತಿತ್ತು. ಮುಂದಿನ ವರ್ಷ 6,000 ಕೊಟ್ಟರು. ಆ ವರ್ಷ ನನ್ನ ಸರದಿ ಬರುವ ಹೊತ್ತಿಗೆ ಕೇಂದ್ರದಲ್ಲಿ ಗೋಣಿಚೀಲವೇ ಖಾಲಿ. ಕಾಳಿದೆ, ತೂಗುವ ಕಾಂಟಾ ಇದೆ, ಹಮಾಲರಿದ್ದಾರೆ, ತುಂಬಲು ಚೀಲ ಇಲ್ಲ. ನಾಲ್ಕು ದಿನ ಇಸ್ಪೀಟು ನೋಡುತ್ತಾ ಕೂತೆ. ನನಗೆ ಆಡಲು ಬರುವುದಿಲ್ಲ.

ಆಮೇಲೆ ಕೆಲವು ವರ್ಷ ಅತ್ತ ತಲೆ ಹಾಕಲಿಲ್ಲ. ಒಂದೆರಡು ಸಲ ಹೆಸರು ಬರೆಸಿಯೂ ಹೋಗಲಿಲ್ಲ. 2022ರ ಬೆಳೆಯನ್ನು ನೆಟೆ ರೋಗ ತಿಂದು ಹಾಕಿತು. ಹಸಿರಾಗಿ ನಿಂತ ಗಿಡ ವಾರದಲ್ಲಿ ಒಣ ಕಟ್ಟಿಗೆ. 2024ರ ಆರಂಭದಲ್ಲಿ ಬೆಂಬಲ ಬೆಲೆ 7,000, ಪೇಟೆಯಲ್ಲಿ ಹತ್ತು ಸಾವಿರದ ಆಚೆ ಈಚೆ. ಅಂಥ ವರ್ಷ ಖರೀದಿ ಕೇಂದ್ರದಲ್ಲಿ ನಾಯಿ ಮಲಗಿರುತ್ತದೆ. ಆದರೂ ಕೇಂದ್ರ ಇದೆ ಅನ್ನುವುದೇ ಒಂದು ಧೈರ್ಯ. ಮಳೆ ಬಾರದಿದ್ದರೂ ಮನೆಯಲ್ಲಿ ಛತ್ರಿ ಇರಲಿ ಅಂತೀವಲ್ಲ, ಹಾಗೆ.

2025ಕ್ಕೆ ಮತ್ತೆ ಬೇಕಾಯಿತು. ಅಡತಿಯವರು, ಅಂದರೆ ಪೇಟೆಯ ದಲ್ಲಾಳಿಗಳು, 7,200 ಅಂದರು. ಕೇಂದ್ರ ಸರ್ಕಾರದ್ದು 7,550, ರಾಜ್ಯದ 450 ಸೇರಿ 8,000. ನನ್ನ 30 ಕ್ವಿಂಟಲ್‌ನಲ್ಲಿ 22 ಅಲ್ಲಿಗೆ ಹಾಕುವುದು ಅಂತ ತೀರ್ಮಾನಿಸಿದೆ. ಫ್ರೂಟ್ಸ್ ಐಡಿ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ), ಪಹಣಿ, ಆಧಾರ್, ಬೆರಳಿನ ಗುರುತು, ಎಲ್ಲ ಒಂದೇ ಬೆಳಿಗ್ಗೆಯಲ್ಲಿ ಮುಗಿಯಿತು. 2017ರ ಜೆರಾಕ್ಸ್ ಕಾಲಕ್ಕೆ ಹೋಲಿಸಿದರೆ ಇದು ನಿಜವಾಗಿಯೂ ಸುಧಾರಿಸಿದೆ.

ಈಗ ಒಣಗಿಸುವ ವಿಷಯಕ್ಕೆ ಬರ್ತೀನಿ. ಮನೆ ಮಾಳಿಗೆಯ ಮೇಲೆ ಮೂರು ದಿನ ಹರಡಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ, ಇಬ್ಬನಿ ಆರಿದ ಮೇಲೆ ಹರಡುವುದು. ಗಂಟೆಗೊಮ್ಮೆ ಬರಿಗಾಲಲ್ಲಿ ಕಾಳಿನೊಳಗೆ ನಡೆಯುವುದು. ಪಾದ ನೆಲಕ್ಕೆ ಒತ್ತಿಕೊಂಡೇ ಹೋದರೆ ಹಿಂದೆ ಸಾಲು ಬೀಳುತ್ತದೆ, ಕೆಳಗಿನ ಕಾಳು ಮೇಲೆ ಬರುತ್ತದೆ. ಮಧ್ಯಾಹ್ನ ಮೇಲಿನ ಕಾಳು ಸುಡುತ್ತಿರುತ್ತದೆ, ಒಳಗಿನದು ಇನ್ನೂ ತಣ್ಣಗೆ. ಆ ತಂಪು ಅಂಗಾಲಿಗೆ ಸಿಗದೆ ಹೋದ ದಿನ ಒಣಗಿತು ಅಂತ ಅರ್ಥ. ಸಂಜೆ ಐದಕ್ಕೆ ಗುಡ್ಡೆ ಮಾಡಿ ಮುಚ್ಚುವುದು. ಕೊನೆಗೆ ಅವ್ವನ ಪರೀಕ್ಷೆ. ಒಂದು ಕಾಳು ದವಡೆಯಲ್ಲಿ ಇಟ್ಟು ಕಡಿಯುತ್ತಾಳೆ. ಕಟ್ ಅಂದರೆ ಪಾಸು. ಮೆತ್ತಗೆ ಚಪ್ಪಟೆಯಾದರೆ ಇನ್ನೊಂದು ಬಿಸಿಲು. ಮೂರನೇ ದಿನ ಕಟ್ ಅಂದಿತ್ತು. ಅವ್ವನ ದವಡೆ ಇದುವರೆಗೆ ತಪ್ಪಿಲ್ಲ.

ಹಾಗಾದರೆ 12.9 ಎಲ್ಲಿಂದ ಬಂತು?

ಸರದಿಯಿಂದ ಬಂತು. ಸಂಜೆ ಆರಕ್ಕೆ ಟ್ರ್ಯಾಕ್ಟರ್ ಸಾಲಿನಲ್ಲಿ ನಿಂತಿತು. ಮುಂದೆ ಮೂವತ್ತೊಂದು ಗಾಡಿ. ರಾತ್ರಿ ಬಯಲಲ್ಲಿ ಇಬ್ಬನಿ ಸುರಿಯಿತು. ನಾನು ಟಾರ್ಪಾಲು ತಂದಿರಲಿಲ್ಲ. ಬೆಳಿಗ್ಗೆ ಮೇಲಿನ ಚೀಲಗಳು ಮುಟ್ಟಿದರೆ ತಣ್ಣಗೆ. ಸ್ಯಾಂಪಲ್ ತೆಗೆಯುವವರು ಕೊಳವೆ ಚುಚ್ಚಿದ್ದೂ ಆ ಮೇಲಿನ ಚೀಲಕ್ಕೇ. ಒಳಗಿನದು ನೋಡ್ರಿ ಅಂದೆ. ಹಿಂದಿನವರು ಕೂಗಾಡತೊಡಗಿದರು, ಹುಡುಗ ನನ್ನ ಮುಖ ನೋಡಲಿಲ್ಲ.

12 ಅನ್ನುವ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಹಸಿ ಕಾಳು ಗೋದಾಮಿಗೆ ಹೋದರೆ ಬೂಷ್ಟು ಹಿಡಿಯುತ್ತದೆ, ಹುಳ ಬೀಳುತ್ತದೆ. ವರ್ಷಗಟ್ಟಲೆ ದಾಸ್ತಾನು ಇಡಬೇಕಾದವರು ಕೇಳುವುದು ನ್ಯಾಯವೇ. ನನ್ನ ತಕರಾರು ಬೇರೆ. ಒಣ ಕಾಳು ತಂದವನನ್ನು ರಾತ್ರಿಯಿಡೀ ಇಬ್ಬನಿಯಲ್ಲಿ ನಿಲ್ಲಿಸಿ, ಬೆಳಿಗ್ಗೆ ನಿನ್ನ ಕಾಳು ಹಸಿ ಅಂದರೆ ಹೇಗೆ? ಒಂದು ತಗಡಿನ ಚಪ್ಪರ ಹಾಕಲಿಕ್ಕೆ ಏನು ಕಷ್ಟ? ದಿನಕ್ಕೆ ಎಷ್ಟು ಗಾಡಿ ತೂಗುತ್ತಾರೋ ಅಷ್ಟೇ ಗಾಡಿಗೆ ಚೀಟಿ ಕೊಟ್ಟರೆ ಸಾಕು, ಚಪ್ಪರವೂ ಬೇಡ. ಮೊಬೈಲಿಗೆ ಮೆಸೇಜ್ ಬರುತ್ತೆ ಅಂತ ಹೇಳಿದ್ದರು. ಬಂತು, ನಿಜ. ಬಾ ಅಂತ ಇತ್ತು. ಆ ಮೂವತ್ತೊಂದು ಗಾಡಿಯವರಿಗೂ ಅದೇ ಬಂದಿತ್ತು ಅನ್ನಿಸುತ್ತೆ.

ಪಕ್ಕದ ಟ್ರ್ಯಾಕ್ಟರಿನ ಕಾಕಾ ಒಬ್ಬರು ನನ್ನ ಅವಸ್ಥೆ ನೋಡಿ ತಮ್ಮ ಟಾರ್ಪಾಲು ಕೊಟ್ಟರು. "ತಗೋ ತಮ್ಮಾ, ನಂದು ನಾಳಿಗದ" ಅಂದರು. ಬಯಲಲ್ಲಿ ಮೇಲಿನ ಹದಿನೆಂಟು ಚೀಲ ಸುರಿದು ಮತ್ತೆ ಬರಿಗಾಲಲ್ಲಿ ನಡೆದೆ. ಅಲ್ಲೇ ಜರಡಿಯೂ ಹಿಡಿದೆವು. ಸಂಜೆ ನಾಲ್ಕಕ್ಕೆ ಮಷಿನ್ 11.6 ಅಂದಿತು. ಆಗ ಹುಡುಗ ನಕ್ಕ. ನಾನು ನಗಲಿಲ್ಲ. ಅಷ್ಟೊತ್ತಿಗೆ ಆವತ್ತಿನ ತೂಕ ನಿಂತಿತ್ತು, ಇನ್ನೊಂದು ರಾತ್ರಿ ಕಳೆಯಬೇಕಾಯಿತು. ಈ ಸಲ ಟಾರ್ಪಾಲಿನ ಅಡಿಯಲ್ಲಿ.

ಇಲ್ಲಿಯವರೆಗೆ ಓದಿದವರು ಒಂದು ಸ್ಟಾರ್ ಕೊಡ್ತಾನೆ ಅಂದುಕೊಂಡಿರಬಹುದು. ನಾನೂ ಆ ರಾತ್ರಿ ಹಾಗೇ ಅಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ತೂಕ ಶುರುವಾಯಿತು.

ನಮ್ಮಪ್ಪ ಅಡತಿ ಅಂಗಡಿಯಲ್ಲಿ ಕಾಂಟಾ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೀಜಕ್ಕೆ, ಎಣ್ಣೆಗೆ, ಅಕ್ಕನ ಮದುವೆಗೆ ಅಲ್ಲೇ ಸಾಲ ತಂದಿದ್ದ. ಸಾಲಗಾರ ತೂಕ ನೋಡಿದರೆ ಸಾಹುಕಾರನಿಗೆ ಅವಮಾನ ಅಂತ ಅವನ ಲೆಕ್ಕ. ಹೊರಗೆ ಬೇವಿನ ಮರದ ಕೆಳಗೆ ಬೀಡಿ ಸೇದುತ್ತಾ ಕೂತು, ಕರೆದಾಗ ಒಳಗೆ ಹೋಗಿ ಚೀಟಿ ತಗೊಳ್ಳುತ್ತಿದ್ದ. ಚೀಟಿಯಲ್ಲಿ ಸೂಟ್ ಅಂತ, ತೂಕದಲ್ಲಿ ಮುರಿದುಕೊಂಡಿದ್ದರ ಒಂದು ಸಾಲು ಇದ್ದೇ ಇರುತ್ತಿತ್ತು. ಕಸಕ್ಕೆ, ಧೂಳಿಗೆ, ಏನೂ ಇಲ್ಲದಿದ್ದರೆ ಪದ್ಧತಿಗೆ. ಚೀಲಕ್ಕೆ ಅರ್ಧ ಕೆಜಿ ಅಂದರೂ ನನ್ನ 44 ಚೀಲಕ್ಕೆ 22 ಕೆಜಿ ಆಗುತ್ತದೆ.

ಇಲ್ಲಿ ಎಲೆಕ್ಟ್ರಾನಿಕ್ ಕಾಂಟಾ. ಕೆಂಪು ಅಂಕಿ ನನ್ನ ಕಡೆಗೇ ಮುಖ ಮಾಡಿತ್ತು. 50 ಕೆಜಿ, ಮೇಲೆ ಖಾಲಿ ಚೀಲದ ತೂಕ, ಅಷ್ಟೇ. ಹಮಾಲ ಹೊಸ ಗೋಣಿಗೆ ಕಾಳು ಸುರಿಯುತ್ತಾನೆ, ಅಂಕಿ ಓಡುತ್ತದೆ, ನಿಧಾನವಾಗುತ್ತದೆ. ಸ್ವಲ್ಪ ಕಡಿಮೆ ಬಿದ್ದರೆ ಬೊಗಸೆಯಲ್ಲಿ ಹಾಕುತ್ತಾನೆ. ಏಳನೇ ಚೀಲವೋ ಎಂಟನೆಯದೋ, ತುಸು ಜಾಸ್ತಿ ಬಿತ್ತು. ಅವನು ಒಂದು ಹಿಡಿ ಕಾಳು ತೆಗೆದು, ತಿರುಗಿ, ನನ್ನ ರಾಶಿಗೆ ಹಾಕಿದ. ನನ್ನ ಕಡೆ ನೋಡಲೂ ಇಲ್ಲ. ಅವನಿಗೆ ಅದು ಕೆಲಸ, ಅಷ್ಟೇ. ನಾನು ಮಾತ್ರ 44 ಚೀಲ ಮುಗಿಯುವವರೆಗೆ ಅಲ್ಲಿಂದ ಅಲ್ಲಾಡಲಿಲ್ಲ. ಚಹಾ ಬಂದರೂ ಅಲ್ಲೇ ನಿಂತು ಕುಡಿದೆ.

ಲೆಕ್ಕ ಹೇಳ್ತೀನಿ. ಕ್ವಿಂಟಲ್‌ಗೆ 800 ಜಾಸ್ತಿ, 22ಕ್ಕೆ 17,600. ಟ್ರ್ಯಾಕ್ಟರ್ ಬಾಡಿಗೆ, ಎರಡು ದಿನದ ಹೆಚ್ಚಿನ ನಿಲುಗಡೆ ಸೇರಿ 4,000. ಹಮಾಲಿ, ಜರಡಿ 1,100. ಊಟ ಚಹಾ 300. ಉಳಿದದ್ದು 12,200. ಪೇಟೆಗೆ ಒಯ್ದರೂ ಗಾಡಿ ಬೇಕಲ್ಲ ಅಂತ ಕೇಳಬಹುದು. ಅಡತಿಯವರು ಮನೆ ಬಾಗಿಲಿಗೇ ಗಾಡಿ ಕಳಿಸ್ತಾರೆ, ಸಂಜೆಗೇ ದುಡ್ಡು ಎಣಿಸ್ತಾರೆ. ಹಾಗಾಗಿ ಮಗಳ ಕಾಲೇಜು ಫೀಸಿಗೆ ಅಂತ ಐದು ಕ್ವಿಂಟಲ್ ಅಲ್ಲಿಗೇ ಹಾಕಿದೆ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಕೈಯಲ್ಲಿ ಎರಡು ತಿಂಗಳ ಖರ್ಚು ಇಲ್ಲದವನಿಗೆ ಈ 8,000 ಬರೀ ಬೋರ್ಡಿನ ಮೇಲಿನ ಅಂಕಿ. ಕೂಲಿ, ಬಡ್ಡಿ, ಫೀಸು ಯಾವುದೂ ಸರದಿಯಲ್ಲಿ ನಿಲ್ಲುವುದಿಲ್ಲ.

ದುಡ್ಡಿನ ಕಥೆಯಲ್ಲಿ ತಪ್ಪು ನನ್ನದು. ತಿಂಗಳಾಯಿತು, ಖಾತೆಗೆ ಏನೂ ಇಲ್ಲ. ದಿನಾ ಬೈಕ್ ಹತ್ತಿ ಸಂಘಕ್ಕೆ ಹೋಗಿ ಜಗಳ ತೆಗೆದೆ. ಹನ್ನೆರಡನೇ ದಿನ ಅಲ್ಲಿನ ಗುಮಾಸ್ತ ತಾಳ್ಮೆಯಿಂದ ನನ್ನ ಆಧಾರ್ ಹಾಕಿ ನೋಡಿದ. ಆಧಾರ್ ಜೋಡಣೆ ಆಗಿದ್ದದ್ದು ಯಾವುದೋ ಕಾಲದಲ್ಲಿ ಗ್ಯಾಸ್ ಸಬ್ಸಿಡಿಗೆ ಅಂತ ತೆರೆದ ಇನ್ನೊಂದು ಖಾತೆಗೆ. ಅದಕ್ಕೆ ಕೊಟ್ಟಿದ್ದ ಮೊಬೈಲ್ ನಂಬರ್ ಈಗ ಇಲ್ಲ. ದುಡ್ಡು ಅಲ್ಲಿ ಬಂದು ಹತ್ತು ದಿನ ಆಗಿತ್ತು. ಅವನಿಗೆ ಕ್ಷಮಿಸ್ರಿ ಅಂದೆ. "ದಿನಾ ಒಬ್ರಾದ್ರೂ ಹಿಂಗೇ ಬೈತಾರ್ರಿ" ಅಂದ.

ಇನ್ನು ಕೊಳ್ಳುವ ಬದಿ. ನಾಫೆಡ್ ಮಾರುತ್ತದೆ ಕೂಡ. ಬೆಂಗಳೂರಿನಲ್ಲಿರುವ ನನ್ನ ತಮ್ಮ 2023ರ ದೀಪಾವಳಿಗೆ ಸರ್ಕಾರದ 'ಭಾರತ್' ಬ್ರ್ಯಾಂಡಿನ ಕಡಲೆಬೇಳೆಯ ಐದು ಪಾಕೀಟು ತಂದಿದ್ದ, ಕೆಜಿಗೆ 60ರ ರೇಟು. ಅವ್ವ ಅದರಲ್ಲೇ ಹೂರಣ ರುಬ್ಬಿದಳು. ಬೇಳೆ ಸಮನಾಗಿ ಬೆಂದಿತ್ತು, ಹೋಳಿಗೆ ಒಡೆಯಲಿಲ್ಲ. ಆದರೆ ಅವಳ ತಲೆಯಲ್ಲಿ ಬೇರೆ ಹುಳ ಹೊಕ್ಕಿತು. ಆ ವರ್ಷ ಕಡಲೆಯ ಬೆಂಬಲ ಬೆಲೆ 5,335, ಅಂದರೆ ಕೆಜಿಗೆ 53 ರೂಪಾಯಿ ಚಿಲ್ಲರೆ. ಬೀಸುವ ಕಲ್ಲಿನಲ್ಲಿ ಜೀವಮಾನವೆಲ್ಲ ಬೇಳೆ ಒಡೆದವಳು ಅವಳು. ನಾಲ್ಕು ಸೇರು ಕಡಲೆಗೆ ಮೂರು ಸೇರು ಬೇಳೆ ಬಂದರೆ ಹೆಚ್ಚು ಅನ್ನುವುದು ಅವಳಿಗೆ ಗೊತ್ತು. "ಅಲ್ಲೋ, ಐವತ್ಮೂರಕ್ಕ ತಗೊಂಡು, ಒಡಿಸಿ, ಪಾಕೀಟ್ ಮಾಡಿ ಅರವತ್ತಕ್ಕ ಕೊಟ್ರ ಅವರಿಗೇನು ಉಳೀತದ?" ಉಳಿಯಲ್ಲ ಅವ್ವಾ, ಅದು ಸರ್ಕಾರದ ಸಬ್ಸಿಡಿ ಅಂದೆ. ದಾಸ್ತಾನು ಇಡುವುದೇ ರೇಟು ಏರಿದಾಗ ಹೊರಗೆ ಬಿಡಲಿಕ್ಕೆ ಅಂತ ವಿವರಿಸಿದೆ. ಸುಮ್ನೆ ತಲೆಯಾಡಿಸಿದಳು. ನಂಬಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಆ ಬೇಳೆ 70 ಆಯಿತು ಅಂತ ಗೊತ್ತಾದಾಗ "ನಾ ಹೇಳ್ಲಿಲ್ಲೇನು" ಅಂತ ಗೆದ್ದವಳ ಹಾಗೆ ನೋಡಿದಳು.

ರೇಟಿಗೆ ಐದು ಸ್ಟಾರ್, ತೂಕಕ್ಕೆ ಐದು, ಕಾಯಿಸುವುದಕ್ಕೆ ಎರಡು. ಒಟ್ಟು ಮೂರೂವರೆ ಅಂತ ಹಾಕ್ತೀನಿ. ಪಕ್ಕದ ಮನೆಯವರು ಅದೇ ಕೇಂದ್ರಕ್ಕೆ ಎರಡು ಕೊಡ್ತಾರೆ, ಅವರದ್ದು 13.4 ಬಂದಿತ್ತು.

2025-26ಕ್ಕೆ ಕೇಂದ್ರ ಸರ್ಕಾರವೇ ತೊಗರಿಯ ಬೆಂಬಲ ಬೆಲೆ 8,000 ಮಾಡಿತು. ತೊಗರಿ, ಉದ್ದು, ಮಸೂರ, ಈ ಮೂರನ್ನು ನೋಂದಾಯಿಸಿದ ರೈತರು ತಂದಷ್ಟೂ ನಾಲ್ಕು ವರ್ಷ ನಾಫೆಡ್ ಮತ್ತು ಎನ್‌ಸಿಸಿಎಫ್ (ಅದೂ ಒಂದು ರಾಷ್ಟ್ರೀಯ ಸಹಕಾರಿ ಮಹಾಮಂಡಳ) ಕೊಳ್ಳುತ್ತವೆ ಅಂತ 2025ರ ಬಜೆಟ್‌ನಲ್ಲಿ ಹೇಳಿದ್ದಾರೆ. ಹಾಗಾಗಿ ಈ ಸಲವೂ ಹೋಗುವವನೇ. ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆ ಅಂತ ಎರಡು ಸಲ ನೋಡಿಕೊಂಡಿದ್ದೀನಿ. ನೀವೂ ಹೋಗುವವರಿದ್ದರೆ ಒಣಗಿದ ಚೀಲಗಳನ್ನೇ ಮೇಲೆ ಪೇರಿಸಿ. ಟಾರ್ಪಾಲು ಎರಡು ಒಯ್ಯಿರಿ. ಒಂದನ್ನು ಪಕ್ಕದ ಟ್ರ್ಯಾಕ್ಟರಿನವರು ಕೇಳೇ ಕೇಳ್ತಾರೆ.