ಹಾಲ್ ಟಿಕೆಟ್ ಕೈಗೆ ಬರುವ ತನಕ ಕಾಯಬೇಡಿ: ಮಕ್ಕಳನ್ನು ಸರ್ಕಾರಿ ಪ್ರೌಢಶಾಲೆಗೆ ಸೇರಿಸುವವರಿಗೆ

ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ಶಾಲೆಗೆ ಸೇರಿಸಬೇಡಿ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ನನ್ನ ಮಗಳು ಮೂರು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲೇ ಓದಿದಳು. ಈಗ ಮಗನೂ ಅಲ್ಲೇ ಎಂಟನೇ ತರಗತಿಗೆ ಸೇರಿದ್ದಾನೆ. ಆದರೆ ಶಾಲೆಯ ದಾಖಲೆಯಲ್ಲಿದ್ದ ಒಂದು ತಪ್ಪಿನಿಂದ ಮಗಳ ಎಸ್ಸೆಸ್ಸೆಲ್ಸಿ ಹೊತ್ತಿಗೆ ನಾವು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ. ಶಾಲೆಯ ಹೆಸರು, ಊರಿನ ಹೆಸರು ಹಾಕುವುದಿಲ್ಲ. ತುಮಕೂರು ಕಡೆಯ ಒಂದು ತಾಲೂಕು ಕೇಂದ್ರ ಅಂದುಕೊಳ್ಳಿ, ಸಾಕು.

ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮನೆಯವರು ಬಾಡಿಗೆ ಕಾರು ಓಡಿಸುತ್ತಾರೆ. ಕೊರೊನಾ ಬಂದಾಗ ಕಾರು ಮನೆ ಮುಂದೆ ನಿಂತಿತು, ಮದುವೆಗಳು ನಿಂತವು, ನನ್ನ ಬ್ಲೌಸ್ ಹೊಲಿಗೆಯೂ ನಿಂತಿತು. ಮಗಳು ಆಗ ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಏಳನೇ ತರಗತಿ. ಬೋಧನಾ ಶುಲ್ಕದಲ್ಲಿ ಶೇ 70 ಮಾತ್ರ ತೆಗೆದುಕೊಳ್ಳಿ ಎಂದು 2021ರ ಜನವರಿಯಲ್ಲಿ ಸರ್ಕಾರ ಹೇಳಿತ್ತು. ಆ ಎಪ್ಪತ್ತೂ ನಮ್ಮಿಂದ ಆಗಲಿಲ್ಲ. ಆ ವರ್ಷ ನಮ್ಮ ಬೀದಿಯಲ್ಲೇ ನಾಲ್ಕು ಮನೆಯ ಮಕ್ಕಳು ಸರ್ಕಾರಿ ಶಾಲೆ ಸೇರಿದರು.

ಹಳೇ ಶಾಲೆಯವರು ಬಾಕಿ ಕಟ್ಟದೆ ಟಿಸಿ ಕೊಡುವುದಿಲ್ಲ ಎಂದರು. ಸರ್ಕಾರಿ ಶಾಲೆಯ ಎಚ್ಎಂ ಮಾತ್ರ ಒಳ್ಳೆ ಮನುಷ್ಯ. "ಟಿಸಿ ಆಮೇಲೆ ತನ್ನಿಯಮ್ಮ, ಮೊದಲು ಮಗೂನ ಸೇರಿಸಿ" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ನಮಗೆ ಕಾಲಿಗೆ ತೊಡಕಾದದ್ದು ಅವತ್ತಿನ ಆ ಉಪಕಾರವೇ. ಅವರ ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ.

ಆ ಶಾಲೆಯಲ್ಲಿ ಕನ್ನಡ ಮಾಧ್ಯಮದ ಜೊತೆ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇತ್ತು. ಅದಕ್ಕೇ ನಾವು ಧೈರ್ಯ ಮಾಡಿದ್ದು. ಏಳು ವರ್ಷ ಇಂಗ್ಲಿಷಿನಲ್ಲಿ ಓದಿದ ಮಗು, ಅಲ್ಲೇ ಮುಂದುವರಿಯಲಿ ಅಂತ. ಆದರೆ ವಿಭಾಗ ಇದ್ದದ್ದು ಬೋರ್ಡಿನ ಮೇಲೆ. ಕೊಠಡಿ ಒಂದೇ, ಮೇಷ್ಟ್ರು ಒಬ್ಬರೇ. ಒಂದು ಕಡೆ ನಲವತ್ತು ಮಕ್ಕಳು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು, ಮುಂದಿನ ಎರಡು ಬೆಂಚಿನ ಒಂಬತ್ತು ಮಕ್ಕಳು ಇಂಗ್ಲಿಷಿನಲ್ಲಿ. ಪಾಠ ಕನ್ನಡದಲ್ಲಿ. ನಿಜ ಹೇಳಬೇಕೆಂದರೆ ಮಗಳಿಗೆ ವಿಜ್ಞಾನ ಮೊದಲ ಸಲ ಅರ್ಥವಾಗಿದ್ದು ಆಗಲೇ. ಹಳೇ ಶಾಲೆಯಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಇಲ್ಲಿ ಮೇಡಂ ಒಂದು ಎಲೆ ಕಿತ್ತು ತಂದು ತೋರಿಸಿ ಹೇಳುತ್ತಿದ್ದರಂತೆ. ತೊಂದರೆ ಬರುತ್ತಿದ್ದದ್ದು ಟೆಸ್ಟಿನಲ್ಲಿ. ದ್ಯುತಿಸಂಶ್ಲೇಷಣೆ ಅಂದರೆ ಏನು ಅಂತ ಚೆನ್ನಾಗಿ ಗೊತ್ತು, ಬರೆಯಬೇಕಾದದ್ದು ಫೋಟೋಸಿಂಥೆಸಿಸ್. ತಲೆಯಲ್ಲಿ ಸಮಾಂತರ ಶ್ರೇಢಿ, ಪೇಪರಿನಲ್ಲಿ ಅರಿತ್ಮೆಟಿಕ್ ಪ್ರೊಗ್ರೆಶನ್. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ ಮೂರು ವರ್ಷ ಕಳೆದಳು.

ಸೇರಿಸುವ ಮುಂಚೆ ನಾನು ಕೇಳಿದ ಪ್ರಶ್ನೆ "ಇಂಗ್ಲಿಷ್ ಮೀಡಿಯಂ ಇದೆಯಾ ಸರ್?" ಅಂತ ಒಂದೇ. ಕೇಳಬೇಕಿದ್ದದ್ದು "ಅದಕ್ಕೆ ಬೇರೆ ಕೊಠಡಿ ಇದೆಯಾ, ಬೇರೆ ಶಿಕ್ಷಕರಿದ್ದಾರಾ?" ಅಂತ.

ಇನ್ನೊಂದು ಪ್ರಶ್ನೆ ಇದೆ. ಅದನ್ನು ನಮ್ಮಂಥವರು ಯಾರೂ ಕೇಳುವುದಿಲ್ಲ, ಏಕೆಂದರೆ ಗೊತ್ತೇ ಇರುವುದಿಲ್ಲ. ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನಕ್ಕೆ ಎರಡು ಬಗೆಯ ಹುದ್ದೆ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂತ ಒಂದು, ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಅಂತ ಒಂದು. ಪಿಸಿಎಂ ಮೇಷ್ಟ್ರು ಗಣಿತವನ್ನೂ ಭೌತಶಾಸ್ತ್ರವನ್ನೂ ಹೇಳಿಕೊಡುತ್ತಾರೆ, ಸಿಬಿಜೆಡ್‌ನವರು ಜೀವಶಾಸ್ತ್ರದ ಕಡೆಯವರು. ಅಂದರೆ ಪಿಸಿಎಂ ಕುರ್ಚಿ ಒಂದು ಖಾಲಿಯಾದರೆ ಗಣಿತ ಪೂರ್ತಿ ಹೋಯಿತು, ಅರ್ಧ ವಿಜ್ಞಾನವೂ ಹೋಯಿತು. ಮಗಳು ಒಂಬತ್ತರಲ್ಲಿದ್ದಾಗ ನಮ್ಮಲ್ಲಿ ಆದದ್ದು ಅದೇ. ಮೇಷ್ಟ್ರಿಗೆ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಅವರ ಊರ ಕಡೆ ಸ್ಥಳ ಸಿಕ್ಕಿತು, ಹೋದರು. ಅವರಿಗೂ ಹೆಂಡತಿ ಮಕ್ಕಳಿದ್ದಾರೆ, ಹೋಗಬೇಡಿ ಅನ್ನಲು ನಾವ್ಯಾರು? ಅವರ ಜಾಗಕ್ಕೆ ಅತಿಥಿ ಶಿಕ್ಷಕರು ಬರಲು ಎರಡು ತಿಂಗಳು ಹಿಡಿಯಿತು. ಬಂದ ಹುಡುಗ ಬಹಳ ಚೆನ್ನಾಗಿ ಪಾಠ ಮಾಡುತ್ತಿದ್ದ. ಮೂರು ತಿಂಗಳು ಗೌರವಧನ ಬಂದಿರಲಿಲ್ಲ, ಆದರೂ ಒಂದು ದಿನ ತಪ್ಪಿಸಲಿಲ್ಲ. ಹತ್ತನೇ ತರಗತಿಯ ದಸರಾ ರಜೆ ಮುಗಿಯುವಷ್ಟರಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕಿತು. ಆಮೇಲೆ ಸಿಬಿಜೆಡ್ ಮೇಡಂ ಒಬ್ಬರೇ ಎಲ್ಲವನ್ನೂ ಎಳೆದರು.

ಹಾಗೆ ಎಳೆಯುವಾಗ ಏನಾಗುತ್ತದೆ ಗೊತ್ತಾ? "ಪಾಸಿಂಗ್ ಪ್ಯಾಕೇಜ್". ನಕ್ಷೆ ಬಿಡಿಸು, ಚಿತ್ರ ಬಿಡಿಸಿ ಭಾಗ ಗುರುತಿಸು, ಥೇಲ್ಸ್ ಪ್ರಮೇಯ ಬರೆ, ಒಂದು ಗ್ರಾಫ್ ಹಾಕು. ಮಗಳ ಕಾಲಕ್ಕೆ ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 28 ಬೇಕಿತ್ತು. ಅಷ್ಟು ಗಿಟ್ಟಿಸಲು ಇದು ಸಾಕು. ಪಕ್ಕದ ಬೀದಿಯ ಹೂ ಮಾರುವವರ ಮಗ ಈ ಪ್ಯಾಕೇಜಿನಿಂದಲೇ ಪಾಸಾದ. ಅವರಮ್ಮ ಇವತ್ತಿಗೂ ಆ ಶಾಲೆಗೆ ಕೈ ಮುಗಿಯುತ್ತಾರೆ. "ಬೆಳಗ್ಗೆ ಐದಕ್ಕೆ ಮೇಡಂ ಫೋನ್ ಮಾಡಿ ನನ್ನ ಮಗನ್ನ ಎಬ್ಬಿಸ್ತಿದ್ರು ಕಣಮ್ಮ, ಯಾವ ಪ್ರೈವೇಟ್ ಸ್ಕೂಲಲ್ಲಿ ಮಾಡ್ತಾರೆ ಹೇಳು" ಅನ್ನುತ್ತಾರೆ. ನಿಜ, ನಮ್ಮ ಮನೆಗೂ ಫೋನ್ ಬರುತ್ತಿತ್ತು. ಆದರೆ ನನ್ನ ಮಗಳಿಗೆ ಬೇಕಾದದ್ದು 28 ಅಲ್ಲ. 70 ತೆಗೆಯುವ ಮಗು ವರ್ಷದ ಕೊನೆಯ ನಾಲ್ಕು ತಿಂಗಳು ಥೇಲ್ಸ್ ಪ್ರಮೇಯವನ್ನೇ ಬರೆಯುತ್ತಾ ಕೂತಿತು. ಅದೇ ಶಾಲೆ, ಅದೇ ವರ್ಷ, ಅದೇ ಮೇಡಂ. ಹೂವಿನಮ್ಮ ಹೇಳುವುದೂ ಸರಿ, ನಾನು ಹೇಳುವುದೂ ಸರಿ.

ಬಿಸಿಯೂಟ ಚೆನ್ನಾಗಿತ್ತು. ಸೈಕಲ್ ಕೊಡುತ್ತಾರೆ ಎಂದು ಕಾದೆವು, ಕೊರೊನಾ ಆದ ಮೇಲೆ ಆ ಯೋಜನೆ ನಿಂತೇ ಹೋಗಿತ್ತು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತಿದ್ದದ್ದು ವಾರಕ್ಕೆ ಮೂರು ದಿನ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ಎರಡು ಸಲ ಕೇಳಿದೆ. ಎರಡನೇ ಸಲ ಕೇಳಿದ ಮೇಲೆ ಸಿಂಟೆಕ್ಸ್ ಟ್ಯಾಂಕ್ ಬಂತು. ಕೇಳಿದರೆ ಆಗುತ್ತದೆ, ಕೇಳಲು ಹೋಗುವ ತಾಯಂದಿರು ಕಡಿಮೆ ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

2024ರ ಮಾರ್ಚ್. ಪರೀಕ್ಷೆ 25ಕ್ಕೆ ಶುರು. ಹಾಲ್ ಟಿಕೆಟ್ ತಂದ ಮಗಳು ಅದನ್ನು ದೇವರ ಮುಂದೆ ಇಟ್ಟಳು. ರಾತ್ರಿ ದೀಪ ಹಚ್ಚುವಾಗ ಸುಮ್ನೆ ಕಣ್ಣಾಡಿಸಿದೆ. ಹೆಸರು ಸರಿ, ಅಪ್ಪನ ಹೆಸರು ಸರಿ, ಹುಟ್ಟಿದ ದಿನ ಸರಿ. ಮಾಧ್ಯಮ: ಕನ್ನಡ.

ಎದೆ ಧಸಕ್ ಅಂತು.

ಮರುದಿನ ಬೆಳಗ್ಗೆ ಶಾಲೆಗೆ ಓಡಿದೆ. ಆಫೀಸಿನ ಎಸ್‌ಡಿಎ (ಗುಮಾಸ್ತರು) ಕಂಪ್ಯೂಟರ್ ತೆಗೆದು ನೋಡಿದರು. ಸ್ಯಾಟ್ಸ್ ಅಂತ ಸರ್ಕಾರದ ಒಂದು ಕಂಪ್ಯೂಟರ್ ವ್ಯವಸ್ಥೆ ಇದೆ, ಮಕ್ಕಳ ವಿವರ ಪೂರ್ತಿ ಅದರಲ್ಲೇ ಇರುತ್ತದೆ. ಪ್ರತಿ ಮಗುವಿಗೂ ಒಂದು ನಂಬರ್. ಮಗಳ ಟಿಸಿ ತಡವಾಗಿ ಬಂದಿತ್ತಲ್ಲ, ಹಾಗಾಗಿ ಅವಳ ಹೆಸರನ್ನು ಎಲ್ಲರದ್ದೂ ಮುಗಿದ ಮೇಲೆ ಸೇರಿಸಿದ್ದರು. ಸೇರಿಸಿದವರು ಮಾಧ್ಯಮದ ಜಾಗದಲ್ಲಿ ಕನ್ನಡ ಒತ್ತಿದ್ದರು. ಆಮೇಲೆ ಎಂಟರಿಂದ ಒಂಬತ್ತಕ್ಕೆ, ಒಂಬತ್ತರಿಂದ ಹತ್ತಕ್ಕೆ ಆ ತಪ್ಪು ಮಗಳ ಜೊತೆಗೇ ಪಾಸಾಗುತ್ತಾ ಬಂದಿತ್ತು. ಪರೀಕ್ಷಾ ಮಂಡಳಿಗೆ ಹೋದದ್ದೂ ಅದೇ.

ನಾನು ಕೂಗಾಡಿದೆ. ಆಗ ಎಸ್‌ಡಿಎ ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟರು. ಪರೀಕ್ಷೆಗೆ ಕೂರುವ ಮಕ್ಕಳ ಕರಡು ಪಟ್ಟಿ. ತಿಂಗಳುಗಳ ಹಿಂದೆಯೇ ಮಂಡಳಿಯಿಂದ ಬಂದಿತ್ತು, ತಪ್ಪಿದ್ದರೆ ತಿದ್ದಲು ಸಮಯವನ್ನೂ ಕೊಟ್ಟಿದ್ದರು. ಪೋಷಕರು ಬಂದು ನೋಡಿ ಸಹಿ ಹಾಕಬೇಕು ಅಂತ ಡೈರಿಯಲ್ಲಿ ಬರೆಸಿ ಕಳಿಸಿದ್ದರು. ಆ ವಾರ ಮದುವೆ ಸೀಸನ್, ನನಗೆ ಮಿಷನ್ ಬಿಟ್ಟು ಏಳಲು ಆಗಿರಲಿಲ್ಲ. "ನೀನೇ ನನ್ನ ಸಹಿ ಹಾಕಿಬಿಡು" ಅಂತ ಮಗಳಿಗೆ ಹೇಳಿದ್ದೆ. ಅವಳು ಹೆಸರಿನ ಸ್ಪೆಲಿಂಗ್ ಮಾತ್ರ ನೋಡಿ ಹಾಕಿದ್ದಳು. ಮನೆಗೆ ಬಂದು ಒಂಬತ್ತನೇ ತರಗತಿಯ ಪ್ರಗತಿ ಪತ್ರ ಹುಡುಕಿದೆ. ಅದರಲ್ಲೂ ಮೇಲ್ಗಡೆ ಮಾಧ್ಯಮ ಕನ್ನಡ ಅಂತಲೇ ಇದೆ. ಕೆಳಗೆ ನನ್ನದೇ ಸಹಿ, ಈ ಸಲ ನಿಜವಾದದ್ದು.

ಎಚ್ಎಂ ಪತ್ರ ಬರೆದುಕೊಟ್ಟರು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು, ಅಲ್ಲಿಂದ ಬೆಂಗಳೂರು ಮಲ್ಲೇಶ್ವರದ ಪರೀಕ್ಷಾ ಮಂಡಳಿ. ಮನೆಯವರು ಎರಡು ದಿನ ಬಾಡಿಗೆ ಬಿಟ್ಟು ಓಡಾಡಿದರು. ಆಗುತ್ತದೆ, ಪರೀಕ್ಷಾ ಕೇಂದ್ರಕ್ಕೆ ತಿಳಿಸುತ್ತೇವೆ ಎಂದರು ಮಂಡಳಿಯವರು. ನಾವೂ ನಂಬಿದೆವು. ಮೊದಲ ದಿನ ಪ್ರಥಮ ಭಾಷೆ ಕನ್ನಡ, ತೊಂದರೆ ಇರಲಿಲ್ಲ. 27ಕ್ಕೆ ಸಮಾಜ ವಿಜ್ಞಾನ. ಮಗಳ ಕೈಗೆ ಬಂದದ್ದು ಕನ್ನಡದ ಪ್ರಶ್ನೆಪತ್ರಿಕೆ.

ಆ ವರ್ಷವೇ ಮೊದಲ ಸಲ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ್ದು. ತಲೆ ತಿರುಗಿಸಿದರೂ ಡಿಬಾರ್ ಮಾಡುತ್ತಾರೆ ಅಂತ ಮಕ್ಕಳಿಗೆ ಭಯ ಹುಟ್ಟಿಸಿಟ್ಟಿದ್ದರು. ನನ್ನ ಮಗಳು ಎದ್ದು ನಿಲ್ಲಲೂ ಹೆದರಿ ಹತ್ತು ನಿಮಿಷ ಹಾಗೇ ಕೂತಿದ್ದಾಳೆ. ಆಮೇಲೆ ಅಳುವುದನ್ನು ನೋಡಿ ಕೊಠಡಿಯ ಮೇಡಂ ಹತ್ತಿರ ಬಂದು ಕೇಳಿದ್ದಾರೆ. ಅವರು ಮೇಲಿನವರಿಗೆ ಹೇಳಿ, ಅವರು ಪತ್ರ ಹುಡುಕಿ, ಇಂಗ್ಲಿಷ್ ಪತ್ರಿಕೆ ಬರುವಷ್ಟರಲ್ಲಿ ಅರ್ಧ ಗಂಟೆ. ಹೆಚ್ಚುವರಿ ಸಮಯ ಕೊಡಲಿಲ್ಲ. ಎರಡು ದೊಡ್ಡ ಪ್ರಶ್ನೆ ಬಿಟ್ಟು ಬಂದಳು. ನನಗೆ ಜಾಸ್ತಿ ನೋವಾದದ್ದು ಅಂಕಕ್ಕಲ್ಲ. "ನಾನು ಏನೋ ತಪ್ಪು ಮಾಡಿದೀನಿ ಅಂತ ಎಲ್ಲರೂ ನನ್ನೇ ನೋಡ್ತಿದ್ರಮ್ಮ" ಅಂದಳು, ಅದಕ್ಕೆ.

ಮೇ 9ಕ್ಕೆ ಫಲಿತಾಂಶ. ರಾಜ್ಯದ್ದೇ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿದಿತ್ತು, ಅದೂ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. 2025ರಲ್ಲಿ ಆ ಹೆಚ್ಚುವರಿ ಗ್ರೇಸ್ ಇಲ್ಲ, ಫಲಿತಾಂಶ ಇನ್ನೂ ಇಳಿಯಿತು. ನಮ್ಮ ಶಾಲೆಯ ಗೇಟಿಗೆ 2023ರಲ್ಲಿ "ನೂರಕ್ಕೆ ನೂರು" ಅಂತ ಬ್ಯಾನರ್ ಕಟ್ಟಿದ್ದರು. 2024ರಲ್ಲಿ ಬ್ಯಾನರ್ ಇಲ್ಲ. ಸರ್ಕಾರಿ ಆಗಲಿ ಖಾಸಗಿ ಆಗಲಿ, ಯಾವ ಶಾಲೆಯವರಾದರೂ ಫಲಿತಾಂಶ ಹೇಳಿದರೆ ಯಾವ ವರ್ಷದ್ದು ಅಂತ ಕೇಳಿ. ಕ್ಯಾಮೆರಾ ಬರುವ ಮುಂಚಿನದೋ, ಆಮೇಲಿನದೋ?

ಮಗಳು 625ಕ್ಕೆ 431. ಅವಳು ಅಂದುಕೊಂಡಿದ್ದು 500ರ ಮೇಲೆ. ಪಿಯುಗೆ ಸೇರಿಸಿದೆವು. ಅಂಕಪಟ್ಟಿ ಬಂದಾಗ ನೋಡಿದರೆ ಅದರಲ್ಲೂ ಮಾಧ್ಯಮ ಕನ್ನಡ! ಮತ್ತೆ ಶಾಲೆ, ಮತ್ತೆ ಅರ್ಜಿ, ದಾಖಲಾತಿ ಪುಸ್ತಕದ ನಕಲು, ಮತ್ತೆ ಮಲ್ಲೇಶ್ವರ. ತಿದ್ದಿದ ಅಂಕಪಟ್ಟಿ ಸಿಕ್ಕಿದ್ದು ದೀಪಾವಳಿ ಹೊತ್ತಿಗೆ.

ನಡುವೆ ಒಬ್ಬರು ಬುದ್ಧಿವಂತರು ಸಲಹೆ ಕೊಟ್ಟರು. "ಯಾಕೆ ತಿದ್ದಿಸ್ತೀರಾ? ಹಾಗೇ ಬಿಡಿ. ಇಂಜಿನಿಯರಿಂಗ್ ಮುಂತಾದ ಸೀಟಿಗೆ ಬರೆಯುವ ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ." ದಯವಿಟ್ಟು ಇಂಥ ಮಾತು ಕೇಳಬೇಡಿ. ಆ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗೂ ಕನ್ನಡದಲ್ಲಿ ಓದಿರಬೇಕು, ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿಯೂ ಬೇಕು. ಏಳು ವರ್ಷ ಇಂಗ್ಲಿಷ್ ಶಾಲೆಯಲ್ಲಿ ಓದಿದ ಮಗು ಸುಳ್ಳು ಹೇಳಿ ಸೀಟು ಪಡೆದರೆ, ಕಿತ್ತುಕೊಳ್ಳುವುದು ಯಾವಾಗ ಬೇಕಾದರೂ ಆಗಬಹುದು. ಅದಕ್ಕಿಂತ ಜಾಸ್ತಿ, ಆ ಸೀಟು ಹೂವಿನಮ್ಮನ ಮಗನಂಥವರದ್ದು. ಹಾಗೆಯೇ ತಿರುಗಾ ಮುರುಗಾ ಯೋಚಿಸಿ. ನಿಮ್ಮ ಮಗು ನಿಜವಾಗಿ ಕನ್ನಡ ಮಾಧ್ಯಮದಲ್ಲಿದ್ದು, ದಾಖಲೆಯಲ್ಲಿ ಇಂಗ್ಲಿಷ್ ಅಂತ ಬಿದ್ದಿದ್ದರೆ? ಸಿಗಬೇಕಾದ ಶೇ 5 ಕೈತಪ್ಪಿತು. ಹಳ್ಳಿಯಲ್ಲಿ ಓದಿದವರ ಶೇ 15ಕ್ಕೂ ಇದೇ ಥರದ ಪ್ರಮಾಣಪತ್ರ ಬೇಕು, ಅದಕ್ಕೂ ಹತ್ತು ವರ್ಷದ ಲೆಕ್ಕ ಸರಿಯಿರಬೇಕು.

ಹಾಗಾಗಿ ನಿಮ್ಮ ಮಗು ಈಗ ಎಂಟರಲ್ಲೋ ಒಂಬತ್ತರಲ್ಲೋ ಇದ್ದರೆ ನಾಳೆಯೇ ಹೋಗಿ ಸ್ಯಾಟ್ಸ್ ವಿವರದ ಪ್ರಿಂಟ್ ಕೇಳಿ. ಹೆಸರು, ಹುಟ್ಟಿದ ದಿನ, ಜಾತಿ, ಮಾಧ್ಯಮ, ಪ್ರಥಮ ಭಾಷೆ ಯಾವುದು, ಎಲ್ಲವನ್ನೂ ಓದಿ. ಓದಲು ಬಾರದಿದ್ದರೆ ಓದು ಬಂದವರನ್ನು ಕರೆದುಕೊಂಡು ಹೋಗಿ. ಹತ್ತರಲ್ಲಿದ್ದರೆ ಕರಡು ಪಟ್ಟಿ ಬಂದ ದಿನ ಮಿಷನ್ ನಿಲ್ಲಿಸಿ, ಅಂಗಡಿ ಮುಚ್ಚಿ, ಕೂಲಿ ಬಿಟ್ಟು ಹೋಗಿ. ಅರ್ಧ ದಿನದ ದುಡಿಮೆ ಉಳಿಸಲು ಹೋಗಿ ನಾವು ಕಳೆದದ್ದು ಏಳು ತಿಂಗಳು.

ಕಳೆದ ಜೂನ್‌ನಲ್ಲಿ ಮಗನನ್ನು ಸೇರಿಸಲು ಹೋದೆ. ಬೇರೆ ಶಾಲೆ ನೋಡೋಣ ಎಂದರು ಮನೆಯವರು. ಮಗಳೇ ಬೇಡವೆಂದಳು. "ಸಿಬಿಜೆಡ್ ಮೇಡಂ ಇನ್ನೂ ಅಲ್ಲೇ ಇದಾರೆ, ಇವನಿಗೆ ಅವರೇ ಬೇಕು" ಎಂದಳು. ಈ ಸಲ ಕನ್ನಡ ಮಾಧ್ಯಮಕ್ಕೇ ಸೇರಿಸಿದೆ. ಪಿಸಿಎಂ ಹುದ್ದೆಗೆ ಯಾರಿದ್ದಾರೆ ಅಂತ ಕೇಳಿದೆ. ಕಾಯಂ ಮೇಷ್ಟ್ರು ಬಂದಿದ್ದಾರಂತೆ. ಎಷ್ಟು ವರ್ಷ ಆಯಿತು, ವರ್ಗಾವಣೆಗೆ ಹಾಕಿದ್ದಾರಾ ಅಂತಲೂ ಕೇಳಿದೆ. ಎಚ್ಎಂ ನಕ್ಕರು.

ಎಸ್‌ಡಿಎ ನನ್ನನ್ನು ನೋಡಿದ ಕೂಡಲೇ ಏನೂ ಮಾತಾಡದೆ ಕಂಪ್ಯೂಟರಿನ ಪರದೆಯನ್ನೇ ನನ್ನ ಕಡೆ ತಿರುಗಿಸಿದರು. "ನೀವೇ ನೋಡ್ಕಂಡು ಹೇಳಿಯಮ್ಮ, ಆಮೇಲೆ ಒತ್ತುತೀನಿ" ಅಂದರು. ನಾನು ಬ್ಯಾಗಿನಿಂದ ಕನ್ನಡಕ ತೆಗೆದೆ. ಹಿಂದೆ ಸಾಲಿನಲ್ಲಿ ನಿಂತಿದ್ದ ಇನ್ನೊಬ್ಬ ತಾಯಿ "ಅದೇನು ನೋಡ್ತಿದೀರಾ ಅಕ್ಕ?" ಅಂತ ಕೇಳಿದಳು. ಅವಳಿಗೆ ಹೇಳುತ್ತಾ ಹೇಳುತ್ತಾ ಸಾಲು ಅಲ್ಲೇ ಹತ್ತು ನಿಮಿಷ ನಿಂತುಬಿಟ್ಟಿತು.