ಪೆನ್ಸಿಲ್ವೇನಿಯಾದ ಶಂಟಿಂಗ್ ಇಂಜಿನ್ 1:87ರಲ್ಲಿ: ಮೂರು ಮಾಡೆಲ್ ಓಡಿಸಿ ನೋಡಿದ ಮೇಲೆ

ಒಂದೇ ಇಂಜಿನ್‌ಗೋಸ್ಕರ ಎರಡು ವರ್ಷದಲ್ಲಿ ಮೂರು ಮಾಡೆಲ್ ತಂದಿದ್ದೇನೆ. ಇಂಜಿನ್ ಯಾವುದೆಂದರೆ ಅಮೆರಿಕದ ಹಳೇ ರೈಲು ಕಂಪನಿ ಪೆನ್ಸಿಲ್ವೇನಿಯಾ ರೈಲ್‌ರೋಡಿನ ಬಿ6ಎಸ್‌ಬಿ. ಯಾರ್ಡಿನಲ್ಲಿ ಗೂಡ್ಸ್ ಡಬ್ಬಿಗಳನ್ನು ಹಿಂದೆ ಮುಂದೆ ತಳ್ಳಿ, ಒಂದೊಂದನ್ನೂ ಅದರ ಲೈನಿಗೆ ಸೇರಿಸುವ ಉಗಿ ಇಂಜಿನ್. ನಾವು ಶಂಟಿಂಗ್ ಇಂಜಿನ್ ಅನ್ನುವುದನ್ನೇ ಅಮೆರಿಕದವರು ಸ್ವಿಚರ್ ಅನ್ನುತ್ತಾರೆ.

ನನ್ನದು ಎಚ್‌ಓ ಅಳತೆ, ಅಂದರೆ 1:87. ಗೋಡೆಗೆ ಹೊಂದಿಕೊಂಡ ಹಲಗೆಯ ಮೇಲೆ ಐದು ಲೈನಿನ ಪುಟ್ಟ ಯಾರ್ಡ್ ಇದೆ, ಒಂದು ಲೈನಿನಿಂದ ಇನ್ನೊಂದಕ್ಕೆ ಹೊರಳುವ ಪಾಯಿಂಟ್‌ಗಳೆಲ್ಲ ನಂಬರ್ 6, ಅಂದರೆ ಆರು ಅಳತೆ ಮುಂದೆ ಹೋದರೆ ಒಂದು ಅಳತೆ ಅಗಲುವಂಥವು. ದೂರ ಓಡುವ ರೈಲೇ ಇಲ್ಲ. ಶಂಟಿಂಗ್ ಒಂದೇ ಕೆಲಸ. ಹಾಗಾಗಿ ಇಂಜಿನ್ ಸರಿ ಇಲ್ಲದಿದ್ದರೆ ನನ್ನ ಯಾರ್ಡಿನಲ್ಲಿ ನೋಡುವುದಕ್ಕೆ ಏನೂ ಉಳಿಯುವುದಿಲ್ಲ.

ಮೊದಲು ಅಸಲಿ ಇಂಜಿನ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಮಾಡೆಲ್ ಎಲ್ಲಿ ತಪ್ಪುತ್ತದೆ ಅನ್ನುವುದು ಅಲ್ಲೇ ಗೊತ್ತಾಗುವುದು. ಬಿ6ಎಸ್‌ಬಿ 0-6-0 ಇಂಜಿನ್. ಮುಂದೆ ಸಣ್ಣ ಗಾಲಿ ಇಲ್ಲ, ಹಿಂದೆಯೂ ಇಲ್ಲ, ಇಡೀ ಭಾರ ಆರು ದೊಡ್ಡ ಗಾಲಿಗಳ ಮೇಲೆ. ಹಳಿ ಬಿಗಿಯಾಗಿ ಹಿಡಿದು ಎಳೆಯಬೇಕಲ್ವಾ, ಅದಕ್ಕೆ. 1916ರಿಂದ 1926ರೊಳಗೆ ಇಂಥವು 238 ಬಂದವು. ಗಾಲಿಯ ವ್ಯಾಸ 56 ಇಂಚು. ಬಾಯ್ಲರಿನ ಹಿಂದೆ ಬೆಂಕಿ ಉರಿಯುವ ಪೆಟ್ಟಿಗೆ, ಅಂದರೆ ಫೈರ್‌ಬಾಕ್ಸ್, ಬೆಲ್ಪೇರ್ ಮಾದರಿಯದು: ಮೇಲ್ಭಾಗ ಬಾಯ್ಲರಿನ ಹಾಗೆ ದುಂಡಗಿಲ್ಲ, ಚಪ್ಪಟೆ, ಎರಡೂ ಕಡೆ ಹೆಗಲು ಎತ್ತಿ ನಿಂತ ಹಾಗೆ ಕಾಣುತ್ತದೆ. ಕಲ್ಲಿದ್ದಲು, ನೀರು ಹೊತ್ತು ಇಂಜಿನ್ ಹಿಂದೆ ಬರುವ ಟೆಂಡರಿನ ಹಿಂಭಾಗ ಇಳಿಜಾರು, ಡ್ರೈವರ್ ಹಿಂದೆ ಹೋಗುವಾಗ ಹಳಿ ಕಾಣಲಿ ಅಂತ. ಮುಂದೆ ಹಿಂದೆ ಎರಡೂ ಕಡೆ ನೆಲದಿಂದ ಗೇಣುದ್ದ ಮೇಲೆ ಅಡ್ಡ ಹಲಗೆ ಇರುತ್ತದೆ, ಬ್ರೇಕ್‌ಮನ್‌ಗಳು ಅದರ ಮೇಲೆ ನಿಂತುಕೊಂಡೇ ಯಾರ್ಡ್ ಸುತ್ತುತ್ತಿದ್ದರು.

ಪೆನ್ಸಿಲ್ವೇನಿಯಾ ರಾಜ್ಯದ ಸ್ಟ್ರಾಸ್‌ಬರ್ಗ್‌ನಲ್ಲಿರುವ ರೈಲ್‌ರೋಡ್ ಮ್ಯೂಸಿಯಂ ಆಫ್ ಪೆನ್ಸಿಲ್ವೇನಿಯಾದಲ್ಲಿ 1670 ನಂಬರಿನ ಬಿ6ಎಸ್‌ಬಿ ಉಳಿದಿದೆ. ನಾನು ಮೂರು ಸಲ ಹೋಗಿ ಬಂದೆ. ಫೋಟೋದಲ್ಲಿ ಪುಟ್ಟದಾಗಿ ಕಾಣುವ ಇಂಜಿನ್, ಪಕ್ಕದಲ್ಲಿ ನಿಂತರೆ ಗಾಲಿಯೇ ನನ್ನ ಎದೆ ಮಟ್ಟಕ್ಕೆ ಬರುತ್ತದೆ. ಮನೆಗೆ ಬಂದು ಮಾಡೆಲ್ ಕೈಗೆತ್ತಿಕೊಂಡಾಗ ಆ ದಪ್ಪ, ಆ ಭಾರ ಕಾಣದಿದ್ದರೆ ಏನೋ ತಪ್ಪಿದೆ ಅಂತ ಆವಾಗಿಂದ ಅನ್ನಿಸೋದಕ್ಕೆ ಶುರುವಾಯಿತು.

ಈಗ ಮೂರು ಮಾಡೆಲ್. ಒಂದು, ಕಾರ್ಖಾನೆಯಿಂದ ರೆಡಿಯಾಗಿ ಬರುವ ಪ್ಲಾಸ್ಟಿಕ್ ಇಂಜಿನ್, ಯುಎಸ್‌ಆರ್‌ಎ (ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರೈಲುಗಳನ್ನು ನಡೆಸಿದ ಸರ್ಕಾರಿ ಸಂಸ್ಥೆ) ಮಾದರಿಯ 0-6-0. ಎರಡು, ಜಪಾನಿನಲ್ಲಿ ಕೈಯಲ್ಲಿ ಬೆಸುಗೆ ಹಾಕಿ ಮಾಡಿದ ಹಳೇ ಹಿತ್ತಾಳೆ ಬಿ6ಎಸ್‌ಬಿ. ಮೂರು, ತ್ರೀಡಿ ಪ್ರಿಂಟರಿನಲ್ಲಿ ರೆಸಿನ್‌ನಿಂದ ತೆಗೆದ ಬಿ6ಎಸ್‌ಬಿ ಮೈ, ಅದನ್ನು ಮೊದಲನೆಯ ಥರದ್ದೇ ಇನ್ನೊಂದು ಇಂಜಿನಿನ ಚಾಸಿ ಮೇಲೆ ಕೂರಿಸಿದ್ದು. ಮಾಡಿದವರ ಹೆಸರು ಇಲ್ಲಿ ಬರೆಯುತ್ತಿಲ್ಲ. ಮಾತು ದಾರಿಗಳ ಬಗ್ಗೆ.

ಪರೀಕ್ಷೆ ಮೂರಕ್ಕೂ ಒಂದೇ. ಯಾರ್ಡಿನಲ್ಲಿ ಡಬ್ಬಿ ಹಿಡಿದು ನಡೆಯುವ ವೇಗ ಗಂಟೆಗೆ 5 ಮೈಲಿ ಅಂತ ಇಟ್ಟುಕೊಂಡೆ. 1:87ರಲ್ಲಿ ಅದು ಸೆಕೆಂಡಿಗೆ ಸುಮಾರು 26 ಮಿಲಿಮೀಟರ್. ಅಂದರೆ ಒಂದು ಮೀಟರ್ ಹಳಿ ದಾಟಲು 39 ಸೆಕೆಂಡ್ ಬೇಕು. ಒಮ್ಮೆ ಗಡಿಯಾರ ಇಟ್ಟುಕೊಂಡು ಕೂತು ನೋಡಿ, 39 ಸೆಕೆಂಡ್ ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಜಾಸ್ತಿ ಜನ ಶಂಟಿಂಗ್ ಇಂಜಿನ್‌ಗಳನ್ನು ಇದರ ಮೂರು ಪಟ್ಟು ವೇಗದಲ್ಲಿ ಓಡಿಸುತ್ತೇವೆ. ಆಮೇಲೆ ಅದೇ ವೇಗದಲ್ಲಿ ಇಪ್ಪತ್ತು ಸಲ ಪಾಯಿಂಟ್ ದಾಟಿಸಿ, ಎಷ್ಟು ಸಲ ನಿಂತಿತು ಅಂತ ಎಣಿಸಿದೆ. ನನ್ನ ಪಾಯಿಂಟ್‌ಗಳ ಫ್ರಾಗ್, ಅಂದರೆ ಎರಡು ಹಳಿ ಒಂದನ್ನೊಂದು ದಾಟುವ ಜಾಗ, ಪ್ಲಾಸ್ಟಿಕ್, ಅಲ್ಲಿ ಕರೆಂಟ್ ಇಲ್ಲ. ಉದ್ದ ಇಂಜಿನ್‌ಗೆ ಅದು ಗೊತ್ತೇ ಆಗುವುದಿಲ್ಲ, ಆದರೆ ಆರೇ ಗಾಲಿಯ ಗಿಡ್ಡ ಇಂಜಿನ್ ನಿಧಾನವಾಗಿ ಹೋದಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕಾರ್ಖಾನೆಯ ಪ್ಲಾಸ್ಟಿಕ್ ಇಂಜಿನ್ ಓಟದಲ್ಲಿ ತುಂಬಾ ಚೆನ್ನಾಗಿದೆ. ಡಿಸಿಸಿ ಡಿಕೋಡರಿನಲ್ಲಿ, ಅಂದರೆ ಹಳಿಯಲ್ಲಿ ಬರುವ ಡಿಜಿಟಲ್ ಆಜ್ಞೆ ಓದಿ ಮೋಟಾರ್, ಸದ್ದು ನಡೆಸುವ ಚಿಪ್‌ನಲ್ಲಿ, ಶುರುವಿನ ವೋಲ್ಟೇಜ್ ಸ್ವಲ್ಪ ಹೊಂದಿಸಿದ ಮೇಲೆ ಮೀಟರಿಗೆ 40 ಸೆಕೆಂಡ್, ಎಳೆತ ಜರ್ಕ್ ಏನೂ ಇಲ್ಲ. ಇಂಜಿನ್ ಮತ್ತು ಟೆಂಡರ್ ಎರಡರ ಗಾಲಿಗಳಿಂದಲೂ ಕರೆಂಟ್ ತೆಗೆದುಕೊಳ್ಳುತ್ತದೆ, ಇಪ್ಪತ್ತರಲ್ಲಿ ಒಂದೇ ಸಲ ನಿಂತಿತು. ಟೆಂಡರ್ ದೊಡ್ಡದು, ಡಿಕೋಡರ್, ಸ್ಪೀಕರ್, ಕರೆಂಟ್ ಕ್ಷಣ ಹೊತ್ತು ಹಿಡಿದಿಡುವ ಕೆಪಾಸಿಟರ್ ಎಲ್ಲವೂ ಒಳಗೆ ಹಿಡಿಯುತ್ತವೆ. ಕೆಪಾಸಿಟರ್ ಹಾಕಿದ ಮೇಲೆ ಒಂದು ಸಲವೂ ನಿಲ್ಲಲಿಲ್ಲ.

ಆದರೆ ಅದು ಬಿ6ಎಸ್‌ಬಿ ಅಲ್ಲವೇ ಅಲ್ಲ. ಮೊದಲನೇ ಮಹಾಯುದ್ಧದ ಸಮಯದಲ್ಲಿ, 1917ರ ಕೊನೆಗೆ, ಅಮೆರಿಕದ ಸರ್ಕಾರ ರೈಲುಗಳನ್ನು ತನ್ನ ಕೈಗೆ ತೆಗೆದುಕೊಂಡಾಗ ಎಲ್ಲ ಕಂಪನಿಗಳಿಗೂ ಹೊಂದುವ ಹಾಗೆ ಹನ್ನೆರಡು ಸಾಮಾನ್ಯ ಇಂಜಿನ್ ವಿನ್ಯಾಸ ಮಾಡಿಸಿತು, ಅದರಲ್ಲಿ ಈ 0-6-0 ಒಂದು, ಒಟ್ಟು 255 ಬಂದವು. ಫೈರ್‌ಬಾಕ್ಸ್ ದುಂಡಗೆ. ಗಾಲಿ 51 ಇಂಚು. ವಾಲ್ವ್ ಗೇರ್, ಅಂದರೆ ಸಿಲಿಂಡರಿಗೆ ಉಗಿ ಬಿಡುವುದನ್ನು ನಡೆಸುವ ಸರಳುಗಳ ಜೋಡಣೆ, ಬೇಕರ್ ಮಾದರಿ. ಇದಕ್ಕೆ ಬಿ6 ನಂಬರ್ ಬರೆದು ಓಡಿಸುವವರನ್ನು ನೋಡಿದ್ದೇನೆ, ನಾನೂ ಮೊದಲ ಆರು ತಿಂಗಳು ಹಾಗೇ ಮಾಡಿದೆ. ದೂರದಿಂದ ಪರವಾಗಿಲ್ಲ. ಹತ್ತಿರ ಹೋದರೆ ಆ ಚೌಕ ಹೆಗಲು ಇಲ್ಲದ್ದು ಕಣ್ಣಿಗೆ ಹೊಡೆಯುತ್ತದೆ.

ಆಮೇಲೆ ಗೊತ್ತಾಗಿದ್ದು ಒಂದು ಸಂತೋಷದ ವಿಷಯ. ಪೆನ್ಸಿಲ್ವೇನಿಯಾ ರೈಲ್‌ರೋಡಿಗೂ ಈ ಸರ್ಕಾರಿ 0-6-0ಗಳು 30 ಬಂದಿದ್ದವು, ಅವುಗಳನ್ನು ಬಿ28ಎಸ್ ಅಂತ ಕರೆಯುತ್ತಿದ್ದರು. ಅಂದರೆ ಈ ಮಾಡೆಲ್ ಅನ್ನು ಬಿ6 ಮಾಡಲು ಒದ್ದಾಡುವುದೇ ಬೇಡ. ಅದು ಏನಾಗಿದೆಯೋ ಅದೇ ಹೆಸರಿನಲ್ಲಿ ನನ್ನ ಯಾರ್ಡಿನಲ್ಲಿ ಕೆಲಸ ಮಾಡಬಹುದು. ನಂಬರ್ ಅಳಿಸಿ ಬಿ28ಎಸ್ ನಂಬರ್ ಬರೆದ ದಿನವೇ ಆ ಇಂಜಿನ್ ನನಗೆ ಇಷ್ಟವಾಯಿತು.

ಹಿತ್ತಾಳೆಯದು ಇದಕ್ಕೆ ಪೂರ್ತಿ ಉಲ್ಟಾ. ಪೆಟ್ಟಿಗೆ ತೆಗೆದಾಗ ಬಣ್ಣವೇ ಇರಲಿಲ್ಲ, ಬರೀ ಹಿತ್ತಾಳೆ, ಮೇಲೆ ಹಳದಿಗಟ್ಟಿದ ಲ್ಯಾಕರ್. ಮೇಜಿನ ದೀಪದ ಕೆಳಗೆ ಫೈರ್‌ಬಾಕ್ಸ್ ಮೂಲೆ ನೋಡಬೇಕು. ತೆಳು ತಗಡನ್ನು ಮಡಚಿ ಮಾಡಿದ್ದು, ಮಡಿಕೆ ಎಲ್ಲಿ ಶುರು ಎಲ್ಲಿ ಮುಗಿಯಿತು ಅಂತ ಉಗುರಿಗೆ ತಾಗುತ್ತದೆ. ಪಕ್ಕದಲ್ಲಿ ಸಾಲಾಗಿ ಬಾಯ್ಲರ್ ತೊಳೆಯುವ ಪ್ಲಗ್‌ಗಳು, ಸಾಸಿವೆಗಿಂತ ಸಣ್ಣವು, ಒಂದೊಂದನ್ನೂ ಬೇರೆ ಕೂರಿಸಿದ್ದಾರೆ. ಕೈಹಿಡಿ ತಂತಿ ನಿಜವಾದ ತಂತಿ. ವಾಲ್ವ್ ಗೇರ್ ವಾಲ್ಷಾರ್ಟ್ಸ್ ಮಾದರಿ, ಬಿಲ್ಲಿನ ಹಾಗೆ ಬಾಗಿದ ಲಿಂಕ್ ಸಮೇತ, ಅಸಲಿ ಬಿ6ಎಸ್‌ಬಿಯಲ್ಲಿ ಇರುವ ಹಾಗೇ. ಗಾಲಿ ಅಳೆದೆ: 16.3 ಮಿ.ಮೀ. 56 ಇಂಚನ್ನು 87ರಿಂದ ಭಾಗಿಸಿದರೆ ಅಷ್ಟೇ ಬರಬೇಕು.

ಓಡಿಸಿದರೆ ಮಾತ್ರ ಬೇಜಾರು. ಹಳೇ ಓಪನ್ ಫ್ರೇಮ್ ಮೋಟಾರ್, ಮೋಟಾರಿಗೂ ಗೇರಿಗೂ ನಡುವೆ ರಬ್ಬರ್ ಟ್ಯೂಬ್, ಅದು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಮೀಟರಿಗೆ 15 ಸೆಕೆಂಡಿಗಿಂತ ನಿಧಾನ ಮಾಡಿದರೆ ನಿಂತೇ ಹೋಗುತ್ತಿತ್ತು. ಆ ಕಾಲದ ಹಿತ್ತಾಳೆ ಇಂಜಿನ್‌ಗಳು ಒಂದು ಹಳಿಯ ಕರೆಂಟನ್ನು ಇಂಜಿನ್ ಗಾಲಿಯಿಂದ, ಇನ್ನೊಂದು ಹಳಿಯದನ್ನು ಟೆಂಡರ್ ಗಾಲಿಯಿಂದ ತೆಗೆದುಕೊಳ್ಳುತ್ತವೆ. ಅಂದರೆ ಒಂದು ಕಡೆಗೆ ಮೂರೇ ಗಾಲಿ. ಫ್ರಾಗ್ ಮೇಲೆ ಇಪ್ಪತ್ತರಲ್ಲಿ ಒಂಬತ್ತು ಸಲ ನಿಂತಿತು. ಮೋಟಾರಿನ ಒಂದು ಬ್ರಶ್ ನೇರ ಫ್ರೇಮಿಗೇ ತಾಗಿರುವುದರಿಂದ ಹಾಗೇ ಡಿಕೋಡರ್ ಹಾಕಿದರೆ ಡಿಕೋಡರ್ ಸುಟ್ಟು ಹೋಗುತ್ತದೆ, ಇದನ್ನು ಮರೆಯಬೇಡಿ.

ಮೂರು ವಾರ ಸಂಜೆ ಹೊತ್ತು ಕೂತು ಅದನ್ನು ಬಿಚ್ಚಿದೆ. ಮುಚ್ಚಿದ ಸಣ್ಣ ಕ್ಯಾನ್ ಮೋಟಾರ್, ಹೊಸ ಗೇರ್‌ಬಾಕ್ಸ್, ಮೋಟಾರ್ ಕೆಳಗೆ ಫ್ರೇಮಿಗೆ ತಾಗದ ಹಾಗೆ ಪ್ಲಾಸ್ಟಿಕ್ ತುಂಡು. ಇಂಜಿನಿನ ಎದುರು ಬದಿಯ ಮೂರು ಗಾಲಿಗಳ ಹಿಂಬದಿಗೆ ಫಾಸ್ಫರ್ ಬ್ರಾಂಜ್ ತಂತಿ ಉಜ್ಜುವ ಹಾಗೆ ಬೆಸುಗೆ ಹಾಕಿದೆ. ಟೆಂಡರ್ ಗಾಲಿಗಳ ಕಪ್ಪು ತೆಗೆದು ಹೊಳಪು ಮಾಡಿದೆ. ಈಗ ಮೀಟರಿಗೆ 41 ಸೆಕೆಂಡ್. ಇಪ್ಪತ್ತರಲ್ಲಿ ಎರಡೇ ಸಲ ನಿಂತಿತು. ಇಳಿಜಾರು ಟೆಂಡರಿನಲ್ಲಿ ಜಾಗ ತುಂಬಾ ಕಡಿಮೆ, ಡಿಕೋಡರ್ ಮತ್ತು ಚಿಕ್ಕ ಸ್ಪೀಕರ್ ಹಿಡಿಸಿದ ಮೇಲೆ ಕೆಪಾಸಿಟರಿಗೆ ಜಾಗವೇ ಇಲ್ಲ, ಅದನ್ನು ಬಾಯ್ಲರ್ ಒಳಗೆ ಇಡಬೇಕು ಅಂತಿದ್ದೇನೆ.

ಇಲ್ಲಿ ಒಂದು ಮಾತು ಹೇಳಲೇಬೇಕು, ಸದ್ದಿನ ಬಗ್ಗೆ. ಎರಡು ಸಿಲಿಂಡರಿನ ಉಗಿ ಇಂಜಿನ್ ಗಾಲಿ ಒಂದು ಸುತ್ತು ತಿರುಗಿದರೆ ನಾಲ್ಕು ಸಲ ಛಕ್ ಅನ್ನಬೇಕು. 56 ಇಂಚಿನ ಗಾಲಿ ಗಂಟೆಗೆ 5 ಮೈಲಿಯಲ್ಲಿ ಸೆಕೆಂಡಿಗೆ ಸರಿಯಾಗಿ ಅರ್ಧ ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಎರಡು ಛಕ್. ಹೆಚ್ಚು ಕಮ್ಮಿ ಮನುಷ್ಯ ಆರಾಮಾಗಿ ನಡೆಯುವ ಹೆಜ್ಜೆಯ ಲಯ. ಡಿಕೋಡರಿನಲ್ಲಿ ಇದನ್ನು ಕೂರಿಸಿದ ಮೇಲೆ, ಹಿತ್ತಾಳೆ ಇಂಜಿನ್ ಒಂದು ಡಬ್ಬಿ ಹಿಡಿದು ಮೂರನೇ ಲೈನಿಗೆ ನಿಧಾನವಾಗಿ ತಳ್ಳಿಕೊಂಡು ಹೋಗುವಾಗ ನಾನು ಬೇರೆ ಏನೂ ಮಾಡದೆ ಸುಮ್ನೆ ನೋಡುತ್ತಾ ಕೂತೆ.

ಇನ್ನು ಪ್ರಿಂಟ್ ಮಾಡಿದ್ದು. ಇದರ ಮೇಲೆ ನನಗೆ ತುಂಬಾ ನಿರೀಕ್ಷೆ ಇತ್ತು. ಒಳ್ಳೆಯ ಓಟದ ಚಾಸಿ ಒಂದು ಕಡೆ, ಸರಿಯಾದ ಬೆಲ್ಪೇರ್ ಮೈ ಇನ್ನೊಂದು ಕಡೆ, ಎರಡನ್ನೂ ಸೇರಿಸಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಮೈಯ ಆಕಾರ ಸರಿಯಾಗೇ ಇದೆ. ಚಪ್ಪಟೆ ಜಾಗಗಳಲ್ಲಿ ಚೆನ್ನಾಗಿದೆ. ಬಾಯ್ಲರಿನ ದುಂಡು ಬೆನ್ನಿನ ಮೇಲೆ ಮಾತ್ರ ಪದರ ಪದರ ಗೆರೆ ಕಾಣುತ್ತವೆ, ಉಜ್ಜಿ ತೆಗೆಯೋಣ ಅಂದರೆ ಪಕ್ಕದ ರಿವೆಟ್‌ಗಳೂ ಹೊರಟು ಹೋಗುತ್ತವೆ. ಕೈಹಿಡಿ ತಂತಿಗಳನ್ನು ಮೈಯ ಜೊತೆಗೇ ಪ್ರಿಂಟ್ ಮಾಡಿದ್ದರಿಂದ ದಪ್ಪ, ಕತ್ತರಿಸಿ ತೆಗೆದು ನಿಜವಾದ ತಂತಿ ಹಾಕಿದೆ.

ಇವೆಲ್ಲ ಸರಿ ಮಾಡಬಹುದಾದ ತಪ್ಪುಗಳು. ಮಾಡಲಾಗದ್ದು ಬೇರೆ ಇದೆ. ಚಾಸಿಯ ಗಾಲಿ 51 ಇಂಚಿನದು, ಅಳತೆಯಲ್ಲಿ 14.9 ಮಿ.ಮೀ. ಬಿ6ಗೆ ಬೇಕಾದ್ದು 16.3. ವ್ಯತ್ಯಾಸ 1.4 ಮಿ.ಮೀ., ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಮೈ ಕೂರಿಸಿ ಪಕ್ಕದಿಂದ ನೋಡಿದರೆ ಗಾಲಿಗೂ ಬಾಯ್ಲರ್ ಪಕ್ಕದ ನಡೆಯುವ ಹಲಗೆಗೂ (ರನ್ನಿಂಗ್ ಬೋರ್ಡ್) ನಡುವೆ ಬೆಳಕು ಕಾಣುತ್ತದೆ. ಅಸಲಿ ಇಂಜಿನಿನಲ್ಲಿ ಆ ಜಾಗ ತುಂಬಿ ಕಪ್ಪಗಿರುತ್ತದೆ, ಆ ದಪ್ಪ ಮೈಕಟ್ಟು ಬರುವುದೇ ಅದರಿಂದ. ಮೈ ಕೆಳಗಿಳಿಸಿದರೆ ಬಾಯ್ಲರ್ ತೀರಾ ಕೆಳಗೆ ಬರುತ್ತದೆ, ಡಬ್ಬಿ ಜೋಡಿಸುವ ಕೊಕ್ಕೆಯ, ಅಂದರೆ ಕಪ್ಲರಿನ, ಎತ್ತರ ತಪ್ಪುತ್ತದೆ. ಜೊತೆಗೆ ವಾಲ್ವ್ ಗೇರ್ ಬೇಕರ್, ಬಾಗಿದ ಲಿಂಕ್ ಇಲ್ಲ. ಬಿ6 ಮೈಯಲ್ಲಿ ಬೇಕರ್ ಗೇರ್ ಅಂದರೆ ಬೇರೆಯವರ ಚಪ್ಪಲಿ ಹಾಕಿಕೊಂಡು ನಿಂತ ಹಾಗೆ.

ಭಾರವೂ ಒಂದು ತೊಂದರೆ. ಕಾರ್ಖಾನೆ ಇಂಜಿನ್ ಪ್ಲಾಸ್ಟಿಕ್ ಆದರೂ ಅದರ ಬಾಯ್ಲರ್ ಮಾತ್ರ ಎರಕದ ಲೋಹ, ರೆಸಿನ್ ಬರೀ ಹಗುರ. ಮೊದಲು ಓಡಿಸಿದಾಗ ಎಂಟು ಡಬ್ಬಿಗೇ ಗಾಲಿ ಜಾರಿತು, ಫ್ರಾಗ್ ಮೇಲೆ ಇಪ್ಪತ್ತರಲ್ಲಿ ಆರು ಸಲ ನಿಂತಿತು. ಅದೇ ಚಾಸಿ, ಅದೇ ಗಾಲಿ. ಭಾರ ಕಮ್ಮಿ ಆದರೆ ಗಾಲಿ ಹಳಿಗೆ ಸರಿಯಾಗಿ ಒತ್ತುವುದಿಲ್ಲ, ಕರೆಂಟೂ ಸರಿಯಾಗಿ ಬರುವುದಿಲ್ಲ. ಬಾಯ್ಲರ್ ಒಳಗೆ ಸೀಸದ ತುಂಡು ತುಂಬಿದ ಮೇಲೆ ಹನ್ನೆರಡು ಡಬ್ಬಿ ಎಳೆಯಿತು, ನಿಲ್ಲುವುದು ಎರಡು ಸಲಕ್ಕೆ ಇಳಿಯಿತು. ಸೀಸ ಮುಟ್ಟಿದ ಮೇಲೆ ಕೈ ಚೆನ್ನಾಗಿ ತೊಳೆದುಕೊಳ್ಳಿ.

ಕಪ್ಲರ್ ವಿಷಯದಲ್ಲಿ ಮೂರಕ್ಕೂ ಒಂದೇ ಕಿರಿಕಿರಿ. ಬ್ರೇಕ್‌ಮನ್ ಹಲಗೆಗಳು ಕಪ್ಲರಿನ ಕೆಳಗೇ ಇರುತ್ತವೆ, ಹಳಿಯ ನಡುವಿನ ಮ್ಯಾಗ್ನೆಟ್ ಸೆಳೆದಾಗ ಕಪ್ಲರ್ ಬಿಡಿಸುವ ಬಾಗಿದ ತಂತಿ ಆ ಹಲಗೆಗೆ ತಾಗುತ್ತದೆ. ನಾನು ತಂತಿ ಕತ್ತರಿಸಿ ತೆಗೆದು, ಬಿದಿರು ಕಡ್ಡಿಯಿಂದ ಕೈಯಲ್ಲೇ ಕಪ್ಲರ್ ಬಿಡಿಸುತ್ತೇನೆ. ಹಲಗೆ ತೆಗೆಯುವುದಕ್ಕೆ ಮನಸ್ಸು ಬರಲಿಲ್ಲ. ಅದು ಇಲ್ಲದಿದ್ದರೆ ಶಂಟಿಂಗ್ ಇಂಜಿನ್ ಅಂತ ಹೇಗೆ ಅನ್ನಿಸಬೇಕು?

ದುಡ್ಡಿನ ಲೆಕ್ಕ ಕೇಳುವವರಿಗೆ: ಹಿತ್ತಾಳೆಯದು ಸೆಕೆಂಡ್ ಹ್ಯಾಂಡ್ 240 ಡಾಲರ್, ಮೋಟಾರ್ ಗೇರ್‌ಬಾಕ್ಸಿಗೆ ಮೇಲೆ 85. ಪ್ಲಾಸ್ಟಿಕ್ ಇಂಜಿನ್ 160. ಪ್ರಿಂಟ್ ಮೈ 70, ಆದರೆ ಚಾಸಿಗೋಸ್ಕರ ಇನ್ನೊಂದು ಇಂಜಿನ್ ಕೊಳ್ಳಬೇಕಲ್ವಾ, ಕೊನೆಗೆ ಮೋಟಾರ್ ಬದಲಿಸದ ಹಿತ್ತಾಳೆಯ ಬೆಲೆಗಿಂತ ಸ್ವಲ್ಪವೇ ಕಮ್ಮಿ.

ಹಾಗಾಗಿ ನನ್ನ ತೀರ್ಮಾನ ಹೀಗಿದೆ. ನಾಳೆಯಿಂದಲೇ ಯಾರ್ಡ್ ಓಡಬೇಕು, ಬೆಸುಗೆ ಹಾಕಲು ಬರುವುದಿಲ್ಲ ಅನ್ನುವವರು ಕಾರ್ಖಾನೆ ಇಂಜಿನ್ ತಂದು ಬಿ28ಎಸ್ ಮಾಡಿ, ಒಂದು ಕೆಪಾಸಿಟರ್ ಹಾಕಿ. ಅದರಲ್ಲಿ ಸುಳ್ಳು ಏನೂ ಇಲ್ಲ. ಬಿ6ಎಸ್‌ಬಿಯೇ ಬೇಕು ಅನ್ನುವವರಿಗೆ ಎಚ್‌ಓದಲ್ಲಿ ಹಿತ್ತಾಳೆ ಬಿಟ್ಟರೆ ಬೇರೆ ದಾರಿ ನನಗೆ ಕಾಣಲಿಲ್ಲ, ಮೋಟಾರ್ ಬದಲಿಸುವ ತಾಳ್ಮೆ ಮಾತ್ರ ಇರಬೇಕು. ಪ್ರಿಂಟ್ ಮೈಯನ್ನು, 56 ಇಂಚಿನ ಗಾಲಿಯೂ ವಾಲ್ಷಾರ್ಟ್ಸ್ ಗೇರೂ ಇರುವ ಚಾಸಿ ಸಿಗುವ ತನಕ ನಾನು ಮತ್ತೆ ಮುಟ್ಟುವುದಿಲ್ಲ. ಎನ್ ಅಳತೆಯಲ್ಲಿ, ಅಂದರೆ 1:160ರಲ್ಲಿ, ಅದೇ ಗಾಲಿಯ ವ್ಯತ್ಯಾಸ 0.8 ಮಿ.ಮೀ.ಗೆ ಇಳಿಯುತ್ತದೆ. ಅಲ್ಲಿ ಕೆಲಸ ಮಾಡುವವರು ಪ್ರಿಂಟ್ ದಾರಿ ಹಿಡಿದರೆ ನಾನು ಬೇಡ ಅನ್ನುವುದಿಲ್ಲ.

ಈ ವಾರ ಹಿತ್ತಾಳೆ ಇಂಜಿನಿಗೆ ಬಣ್ಣ. ಪೆನ್ಸಿಲ್ವೇನಿಯಾದವರು ಇಂಜಿನ್‌ಗಳಿಗೆ ಹೊಡೆಯುತ್ತಿದ್ದ ಹಸಿರು ಎಷ್ಟು ಗಾಢ ಅಂದರೆ ಬಿಸಿಲು ಬಿದ್ದಾಗ ಮಾತ್ರ ಹಸಿರು ಅಂತ ಗೊತ್ತಾಗುತ್ತದೆ, ಇಲ್ಲದಿದ್ದರೆ ಕಪ್ಪೇ ಕಾಣುತ್ತದೆ. ತುಂಬಾ ತೆಳುವಾಗಿ ಮೂರು ಕೋಟ್ ಹೊಡೆಯಬೇಕು ಅಂತಿದ್ದೇನೆ, ಆ ಸಾಸಿವೆಗಿಂತ ಸಣ್ಣ ಪ್ಲಗ್‌ಗಳು ಬಣ್ಣದಲ್ಲಿ ಮುಚ್ಚಿ ಹೋಗದ ಹಾಗೆ.