ರೂಟ್ 66ರ ಹಳೆ ಕಾರು ಮ್ಯೂಸಿಯಂಗೆ ಹೊರಡುವ ಮುನ್ನ ಇಷ್ಟು ತಿಳಿದಿರಿ

ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ, ಜಾಲತಾಣದ ಮುಖಪುಟದಲ್ಲಿ ಮಿಂಚುತ್ತಿದ್ದ 1957ರ ಷೆವರ್ಲೆ ಬೆಲ್ ಏರ್ ಅಲ್ಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಎಣ್ಣೆ ಕಲೆ, ಪಕ್ಕದಲ್ಲಿ ಹಗ್ಗ ಬಿಚ್ಚಿದ ಎರಡು ಕಂಬ. ಉಳಿದ ಕಾರುಗಳ ಪೈಕಿ ಅರ್ಧದಷ್ಟರ ಗಾಜಿಗೆ ಮಾರಾಟದ ಬೆಲೆ ಚೀಟಿ ಅಂಟಿಸಿದೆ. ಕೇಳಿದರೆ, ಆ ಕಾರು ಮಾರಿಹೋಯಿತು, ಟಿಕೆಟ್ ಹಣ ವಾಪಸ್ ಇಲ್ಲ ಎಂಬ ಉತ್ತರ. ಅಮೆರಿಕದ ರೂಟ್ 66ರ ಮೇಲಿನ ಒಂದು ಖಾಸಗಿ ಸಂಗ್ರಹದಲ್ಲಿ ಹೀಗಾಯಿತು. ಹೆಸರು ಬೇಡ. ಒಂದೇ ಜಾಗದ ಸಮಸ್ಯೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವೂ ಇರುತ್ತಿರಲಿಲ್ಲ.

ಈ ರಸ್ತೆಗೆ 66 ಎಂಬ ಸಂಖ್ಯೆ ಅಧಿಕೃತವಾಗಿದ್ದು 1926ರ ನವೆಂಬರ್ 11ರಂದು. ಶಿಕಾಗೋದಿಂದ ಸಾಂಟಾ ಮೋನಿಕಾವರೆಗೆ ಎಂಟು ರಾಜ್ಯ, ಸುಮಾರು 2,448 ಮೈಲಿ. 2026ಕ್ಕೆ ನೂರು ವರ್ಷ ತುಂಬುವುದರಿಂದ, ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋಗಿಬರೋಣ ಎಂದುಕೊಂಡಿರುವವರು ದಯವಿಟ್ಟು ಮುಂದೆ ಓದಿ.

ಮೊದಲು ಆ ಖಾಲಿ ಜಾಗದ ಕಾರಣ. ಧರ್ಮಸ್ಥಳದ ಹಳೆ ಕಾರುಗಳಂತೆ ಒಂದು ಕ್ಷೇತ್ರದ ಆಶ್ರಯದಲ್ಲಿರುವ ಸಂಗ್ರಹ ಬೇರೆ, ಒಬ್ಬ ಮಾಲೀಕನ ಸ್ವಂತ ಸಂಗ್ರಹ ಬೇರೆ. ರೂಟ್ 66ರ ಚಿಕ್ಕ ಊರುಗಳ ಹಲವು ಕಾರು ಮ್ಯೂಸಿಯಂಗಳು ಎರಡನೆಯ ಬಗೆಯವು. ಮಾಲೀಕನಿಗೆ ವಯಸ್ಸಾದರೆ, ತೀರಿಕೊಂಡರೆ ಕಾರುಗಳು ಹರಾಜಿಗೆ ಹೋಗುತ್ತವೆ. ಕೆಲವು ಕಡೆ ಅರ್ಧಕ್ಕರ್ಧ ಕಾರುಗಳು ಸ್ಥಳೀಯ ಕ್ಲಬ್ಬಿನವರು ತಂದಿಟ್ಟ ಎರವಲು ಕಾರುಗಳು. ಬೇಸಿಗೆಯ ಶನಿವಾರ ಅವನ್ನು ಪ್ರದರ್ಶನಕ್ಕೆ ಓಡಿಸಿಕೊಂಡು ಹೋಗುತ್ತಾರೆ. ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆಗಸ್ಟ್‌ನಲ್ಲಿ ರೂಟ್ 66 ಹಬ್ಬ ನಡೆಯುತ್ತದೆ; ಇಂಥ ಹಬ್ಬದ ವಾರ ಹಾಲ್‌ಗಿಂತ ಬೀದಿಯಲ್ಲೇ ಹೆಚ್ಚು ಕಾರು ಕಾಣಬಹುದು. ಜಾಲತಾಣದ ಚಿತ್ರಗಳನ್ನು ಮಾತ್ರ ಯಾರೂ ತೆಗೆದುಹಾಕುವುದಿಲ್ಲ. ಆದ್ದರಿಂದ ಹೊರಡುವ ಹಿಂದಿನ ದಿನ ಫೋನ್ ಮಾಡಿ. 'ತೆರೆದಿದೆಯಾ' ಎಂದಷ್ಟೇ ಕೇಳಿದರೆ ಸಾಲದು. ನಿಮಗೆ ಬೇಕಾದ ಕಾರಿನ ವರ್ಷ, ಮಾದರಿ ಹೇಳಿ, ಅದು ನಾಳೆ ಹಾಲ್‌ನಲ್ಲಿ ಇರುತ್ತದೆಯೇ, ಸಂಗ್ರಹದ್ದೋ ಎರವಲಿನದೋ, ಮಾರಾಟಕ್ಕಿದೆಯೇ ಎಂದು ಕೇಳಿ. ಸರಿಯಾಗಿ ನಡೆಸುವವರು ಖುಷಿಯಿಂದಲೇ ಹೇಳುತ್ತಾರೆ. ತಡವರಿಸಿದರೆ ಆ ಜಾಗ ಬಿಟ್ಟುಬಿಡಿ.

ಎರಡನೆಯದು ಹೆಸರಿನ ಗೊಂದಲ. ಒಕ್ಲಹೋಮಾ ಒಂದರಲ್ಲೇ ನೋಡಿ. ಕ್ಲಿಂಟನ್‌ನಲ್ಲಿ ಒಕ್ಲಹೋಮಾ ರೂಟ್ 66 ಮ್ಯೂಸಿಯಂ, ಅಲ್ಲಿಂದ 30 ಮೈಲಿಯೊಳಗೆ ಎಲ್ಕ್ ಸಿಟಿಯಲ್ಲಿ ನ್ಯಾಷನಲ್ ರೂಟ್ 66 ಮ್ಯೂಸಿಯಂ, ತುಲ್ಸಾ ಪಕ್ಕದ ಸಪುಲ್ಪಾದಲ್ಲಿ ಹಾರ್ಟ್ ಆಫ್ ರೂಟ್ 66 ಆಟೋ ಮ್ಯೂಸಿಯಂ. ಕ್ಲಿಂಟನ್‌ನದು ಮುಖ್ಯವಾಗಿ ರಸ್ತೆಯ ಕಥೆ ಹೇಳುವ ಮ್ಯೂಸಿಯಂ. ಬಹಳ ಚೆನ್ನಾಗಿದೆ, ಆದರೆ ಸಾಲು ಸಾಲು ಕಾರು ಬೇಕೆಂದು ಹೋದವರಿಗೆ ನಿರಾಸೆ. ಕಾರಿಗಾಗಿ ಹೋಗುವುದಾದರೆ ಸಪುಲ್ಪಾ. ಹೊರಗೆ 66 ಅಡಿ ಎತ್ತರದ ಪೆಟ್ರೋಲ್ ಪಂಪಿನ ಪ್ರತಿಕೃತಿ ಇರುವುದರಿಂದ ಜಾಗ ತಪ್ಪುವ ಮಾತಿಲ್ಲ. ಕ್ಲಿಂಟನ್–ಸಪುಲ್ಪಾ ನಡುವೆ 170 ಮೈಲಿಗೂ ಹೆಚ್ಚು ದೂರವಿದೆ. ಇನ್ನು ಸ್ಪ್ರಿಂಗ್‌ಫೀಲ್ಡ್ ಎಂಬ ಊರು ಇಲಿನಾಯ್‌ನಲ್ಲೂ ಇದೆ, ಮಿಸೌರಿಯಲ್ಲೂ ಇದೆ, ಎರಡೂ 66ರ ಮೇಲೆಯೇ ಇವೆ. ಇಲಿನಾಯ್‌ನ ಪಾಂಟಿಯಾಕ್‌ನಲ್ಲಿರುವ ರೂಟ್ 66 ಹಾಲ್ ಆಫ್ ಫೇಮ್ ಪಾಂಟಿಯಾಕ್ ಕಾರುಗಳ ಮ್ಯೂಸಿಯಂ ಅಲ್ಲ. ಅಲ್ಲಿನ ಆಕರ್ಷಣೆ ಕಲಾವಿದ ಬಾಬ್ ವಾಲ್ಡ್‌ಮೈರ್ ವಾಸವಾಗಿದ್ದ ಫೋಕ್ಸ್‌ವ್ಯಾಗನ್ ವ್ಯಾನ್ ಮತ್ತು ಶಾಲಾ ಬಸ್. ಮ್ಯಾಪಿನಲ್ಲಿ ಹೆಸರು ಹಾಕಬೇಡಿ, ರಾಜ್ಯ ಮತ್ತು ಪಿನ್ ಸಮೇತ ಪೂರ್ತಿ ವಿಳಾಸ ಹಾಕಿ.

ಸಮಯದ ವಿಷಯದಲ್ಲಿ ಮೋಸಹೋಗುವವರೇ ಹೆಚ್ಚು. ಚಿಕ್ಕ ಮ್ಯೂಸಿಯಂಗಳು ಸಂಜೆ ನಾಲ್ಕು ಅಥವಾ ಐದಕ್ಕೆ ಮುಚ್ಚುತ್ತವೆ, ಟಿಕೆಟ್ ಅದಕ್ಕೂ ಮೊದಲೇ ನಿಲ್ಲಬಹುದು. ಸ್ವಯಂಸೇವಕರು ನಡೆಸುವವು ವಾರದಲ್ಲಿ ಕೆಲವೇ ದಿನ ತೆರೆದಿರುತ್ತವೆ, ಚಳಿಗಾಲದಲ್ಲಿ ಇನ್ನೂ ಕಡಿಮೆ. ಇದರ ಮೇಲೆ ಗಡಿಯಾರದ ಕಾಟ. ಟೆಕ್ಸಸ್–ನ್ಯೂ ಮೆಕ್ಸಿಕೋ ಗಡಿಯ ಗ್ಲೆನ್‌ರಿಯೋದಲ್ಲಿ ಒಂದು ಗಂಟೆ ಬದಲಾಗುತ್ತದೆ. ಪಶ್ಚಿಮಕ್ಕೆ ಹೋಗುವವರಿಗೆ ಅದು ಲಾಭ, ಪೂರ್ವಕ್ಕೆ ಬರುವವರಿಗೆ ನಷ್ಟ. ನ್ಯೂ ಮೆಕ್ಸಿಕೋದ ಟುಕುಮ್‌ಕ್ಯಾರಿಯಿಂದ ಬೆಳಿಗ್ಗೆ 11ಕ್ಕೆ ಹೊರಟರೆ ಕ್ಲಿಂಟನ್ ಸುಮಾರು 290 ಮೈಲಿ. ಎಲ್ಲೂ ನಿಲ್ಲಿಸದೆ ಓಡಿಸಿದರೂ ನಿಮ್ಮ ಲೆಕ್ಕದ ಮೂರೂಕಾಲು ಅಲ್ಲಿ ನಾಲ್ಕೂಕಾಲಾಗಿರುತ್ತದೆ. ನಡುವೆ ಊಟಕ್ಕೆ ನಿಲ್ಲಿಸಿದರೆ ಮುಚ್ಚಿದ ಬಾಗಿಲ ಮುಂದೆ ಫೋಟೋ ತೆಗೆಸಿಕೊಂಡು ಬರಬೇಕು. ಅರಿಝೋನಾ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ, ಆದರೆ ಅದೇ ರಾಜ್ಯದೊಳಗಿನ ನವಾಹೋ ಮೂಲನಿವಾಸಿಗಳ ಪ್ರದೇಶ ಮುಂದಿಡುತ್ತದೆ. ಹಾಗಾಗಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಅರಿಝೋನಾ–ನ್ಯೂ ಮೆಕ್ಸಿಕೋ ಗಡಿಯ ಲಪ್ಟನ್ ಆಸುಪಾಸಿನಲ್ಲಿ ಫೋನಿನ ಗಡಿಯಾರವನ್ನು ಪೂರ್ತಿ ನಂಬಬೇಡಿ.

ದಾರಿ ಇನ್ನೊಂದು ಸಮಸ್ಯೆ. 66 ಅಧಿಕೃತ ಹೆದ್ದಾರಿಯಾಗಿ ಉಳಿದಿಲ್ಲ, 1985ರ ಜೂನ್‌ನಲ್ಲಿ ಆ ಸಂಖ್ಯೆ ರದ್ದಾಯಿತು. ಫೋನಿನ ಮ್ಯಾಪ್ ಅತಿ ಬೇಗ ತಲುಪಿಸುವ ಇಂಟರ್‌ಸ್ಟೇಟ್ ಹೆದ್ದಾರಿ 44 ಅಥವಾ 40ಕ್ಕೆ ಎಳೆಯುತ್ತದೆ. ತುಲ್ಸಾ–ಒಕ್ಲಹೋಮಾ ಸಿಟಿ ನಡುವಿನ 44 ಟೋಲ್ ರಸ್ತೆ. ಅಲ್ಲಿ ನಗದು ಕಟ್ಟುವ ಗೂಡುಗಳಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಬಾಡಿಗೆ ಕಾರಾದರೆ ಬಿಲ್ಲು ಕಂಪನಿಗೆ ಹೋಗಿ, ಅವರ ಸೇವಾಶುಲ್ಕ ಸೇರಿಕೊಂಡು ವಾರಗಳ ನಂತರ ನಿಮ್ಮ ಕಾರ್ಡಿಗೆ ಬೀಳುತ್ತದೆ. ಮ್ಯಾಪಿನಲ್ಲಿ ಟೋಲ್ ಬೇಡ ಎಂದು ಆಯ್ದು, ನಡುವೆ ಬ್ರಿಸ್ಟೋ, ಸ್ಟ್ರೌಡ್, ಚಾಂಡ್ಲರ್, ಆರ್ಕೇಡಿಯಾ ಊರುಗಳನ್ನು ನಿಲ್ದಾಣಗಳಾಗಿ ಸೇರಿಸಿ. ಆಗ ರಾಜ್ಯ ಹೆದ್ದಾರಿ 66ರಲ್ಲೇ ಹೋಗುತ್ತೀರಿ. ನಿಜವಾದ ಹಳೆ ರಸ್ತೆ ಅದೇ, ದುಡ್ಡೂ ಇಲ್ಲ. ಆರ್ಕೇಡಿಯಾದಲ್ಲಿ 1898ರ ದುಂಡು ಕೊಟ್ಟಿಗೆಯನ್ನೂ ನೋಡಬಹುದು.

ಆದರೆ ಹಳೆಯದೆಲ್ಲಾ ಓಡಿಸುವಂಥದ್ದಲ್ಲ. ಗ್ಲೆನ್‌ರಿಯೋದಿಂದ ಸ್ಯಾನ್ ಹೋನ್‌ವರೆಗಿನ ಸುಮಾರು 18 ಮೈಲಿ ಮಣ್ಣು–ಜಲ್ಲಿ. ಬಾಡಿಗೆ ಕಾರಿನ ಕರಾರುಗಳಲ್ಲಿ ಸಾಮಾನ್ಯವಾಗಿ ಡಾಂಬರಿಲ್ಲದ ರಸ್ತೆ ನಿಷಿದ್ಧ. ಅಲ್ಲಿ ಟೈರ್ ಸೀಳಿದರೆ ನೀವು ಕಟ್ಟಿದ ವಿಮೆ ಕೈಕೊಡುತ್ತದೆ, ಎಳೆದುಕೊಂಡು ಹೋಗುವ ಗಾಡಿಯ ಖರ್ಚೂ ನಿಮ್ಮದೇ. ಒಕ್ಲಹೋಮಾದ ಮಯಾಮಿ–ಆಫ್ಟನ್ ನಡುವೆ 1922ರಲ್ಲಿ ಹಾಕಿದ ರಸ್ತೆ ಬರೀ 9 ಅಡಿ ಅಗಲ. ಎದುರಿಗೆ ಗಾಡಿ ಬಂದರೆ ಇಬ್ಬರೂ ಒಂದೊಂದು ಕಡೆಯ ಚಕ್ರ ಕೆಳಗಿಳಿಸಬೇಕು. ಹಾಗೆ ಇಳಿಸಿ ಹತ್ತಿಸುವಾಗಲೇ ಕಾಂಕ್ರೀಟಿನ ಅಂಚು ಟೈರಿನ ಪಕ್ಕೆಯನ್ನು ಕೊಯ್ಯುವುದು. ಅರಿಝೋನಾದ ಕಿಂಗ್‌ಮನ್‌ನಿಂದ ಓಟ್‌ಮನ್‌ಗೆ ಹೋಗುವ ಸಿಟ್‌ಗ್ರೀವ್ಸ್ ಕಣಿವೆ ದಾರಿಯಲ್ಲಿ 40 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ. ದೊಡ್ಡ ಮೋಟಾರ್‌ಹೋಮ್ ಬಾಡಿಗೆಗೆ ತೆಗೆದುಕೊಂಡವರು ಇದನ್ನು ಮೊದಲೇ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯಲ್ಲಿ ಹಳೆ ಮರದ ಸೇತುವೆಗಳು ಪ್ರವಾಹಕ್ಕೆ ಹಾಳಾಗಿ ರಸ್ತೆ ಆಗಾಗ ಮುಚ್ಚಿರುತ್ತದೆ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಜಾಗವದು; ವಯಸ್ಸಾದವರು ಜೊತೆಗಿದ್ದರೆ ಆ ಭಾಗವನ್ನು ಅಕ್ಟೋಬರ್ ನಂತರಕ್ಕೆ ಇಟ್ಟುಕೊಳ್ಳಿ.

ಇನ್ನು ಹಾಲ್‌ನ ಒಳಗಿನ ಮಾತು. ಫಲಕದಲ್ಲಿ 'ಒರಿಜಿನಲ್', 'ರೀಸ್ಟೋರ್ಡ್', 'ಟ್ರಿಬ್ಯೂಟ್', 'ರೆಸ್ಟೋಮಾಡ್' ಎಂಬ ನಾಲ್ಕರಲ್ಲಿ ಯಾವುದಿದೆ ಎಂದು ಗಮನಿಸಿ. ಟ್ರಿಬ್ಯೂಟ್ ಅಂದರೆ ಸಾಮಾನ್ಯ ಮಾದರಿಗೆ ದುಬಾರಿ ಮಾದರಿಯ ಬ್ಯಾಡ್ಜ್, ಪಟ್ಟೆ ಹಾಕಿದ ಕಾರು. ರೆಸ್ಟೋಮಾಡ್‌ನಲ್ಲಿ ಹಳೆ ಮೈಯೊಳಗೆ ಹೊಸ ಎಂಜಿನ್, ಹೊಸ ಬ್ರೇಕ್. ಎರಡೂ ತಪ್ಪಲ್ಲ, ಫಲಕದಲ್ಲಿ ಬರೆಯದೆ ಮುಚ್ಚಿಡುವುದು ತಪ್ಪು. ಒಂದು ಕಾರನ್ನು ನೀವೇ ಪರೀಕ್ಷಿಸಬಹುದು. 1968ರಿಂದ ಷೆವರ್ಲೆ ಕಾರುಗಳ ಗುರುತು ಸಂಖ್ಯೆ ಮುಂದಿನ ಗಾಜಿನಡಿ, ಚಾಲಕನ ಬದಿಯ ಡ್ಯಾಶ್‌ಬೋರ್ಡ್ ಮೇಲೆ ಹೊರಗಿನಿಂದಲೇ ಕಾಣುತ್ತದೆ. ಷೆವರ್ಲೆಯ ದುಬಾರಿ ಮಾದರಿಯಾದ 1968ರ ಷೆವೆಲ್ ಎಸ್‌ಎಸ್ 396 ಎಂದು ಫಲಕವಿದ್ದರೆ ಆ ಸಂಖ್ಯೆ 138ರಿಂದ ಶುರುವಾಗಿರಬೇಕು. 136 ಎಂದಿದ್ದರೆ ಅದು ಷೆವೆಲ್‌ನ ಸಾಮಾನ್ಯ ಮಾದರಿ ಮಲಿಬು, ಬ್ಯಾಡ್ಜ್ ಆಮೇಲೆ ಬಂದದ್ದು. 1969ರಿಂದ ಎಸ್‌ಎಸ್ ಕೇವಲ ಒಂದು ಆಯ್ಕೆಯ ಪ್ಯಾಕೇಜ್ ಆದ್ದರಿಂದ ಈ ಉಪಾಯ ನಡೆಯದು.

ಮುಟ್ಟಬೇಡಿ ಎಂಬ ಫಲಕವನ್ನು ಕಡೆಗಣಿಸಿದರೆ ಜಗಳ ಖಚಿತ. ಹಲವು ಹಳೆ ಕಾರುಗಳ ಲ್ಯಾಕರ್ ಬಣ್ಣ ಇವತ್ತಿನ ಕಾರಿನ ಬಣ್ಣದಷ್ಟು ಗಟ್ಟಿಯಲ್ಲ. ಬಳೆ, ಉಂಗುರ, ಬೆಲ್ಟಿನ ಬಕಲ್, ಕ್ಯಾಮೆರಾ ಪಟ್ಟಿಯ ಕೊಂಡಿ ತಾಗಿದರೂ ಗೀರು. ಆ ಗೀರನ್ನು ಅಷ್ಟೇ ಜಾಗದಲ್ಲಿ ಗುರುತು ಉಳಿಯದಂತೆ ಸರಿಮಾಡುವುದು ಕಷ್ಟ, ಕೆಲವೊಮ್ಮೆ ಪೂರ್ತಿ ಬಾಗಿಲಿಗೇ ಬಣ್ಣ ಹೊಡೆಯಬೇಕಾಗುತ್ತದೆ. 1930ರ ದಶಕದ ಮಧ್ಯದವರೆಗಿನ ಅನೇಕ ಜನರಲ್ ಮೋಟಾರ್ಸ್ ಕಾರುಗಳ ಉಕ್ಕಿನ ಹಾಳೆಯ ಹಿಂದೆ ಇರುವುದು ಮರದ ಚೌಕಟ್ಟು. ಮಗು ಬಾಗಿಲಿಗೆ ಜೋತುಬಿದ್ದರೆ ಬಾಗಿಲ ಕೀಲಿನ ತಿರುಪು ಹಿಡಿದಿರುವ ಮರ ಸಡಿಲವಾಗುತ್ತದೆ, ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ. ಮಕ್ಕಳನ್ನು ಒಳಗೆ ಕೂರಿಸಿ ಫೋಟೋ ಬೇಕೇಬೇಕು ಎಂದರೆ, ಅದಕ್ಕೆಂದೇ ಬಿಟ್ಟಿರುವ ಕಾರು ಯಾವುದು ಎಂದು ಕೌಂಟರ್‌ನಲ್ಲಿ ಕೇಳಿ, ಅದೊಂದನ್ನೇ ಬಳಸಿ.

ಟಿಕೆಟ್ ವಾಪಸಾತಿಯ ನಿಯಮವನ್ನೂ ಅದೇ ಕೌಂಟರ್‌ನಲ್ಲಿ, ಕಾರ್ಡ್ ಉಜ್ಜುವ ಮೊದಲು ಕೇಳಿ. ಎಷ್ಟು ಕಾರು ಪ್ರದರ್ಶನದಲ್ಲಿವೆ, ಯಾವ ಹಾಲ್ ಮುಚ್ಚಿದೆ ಎಂದು ಕೇಳಿದ ಮೇಲೂ ಉತ್ತರ ಹೊಂದದಿದ್ದರೆ ಬಾಗಿಲಿಂದಲೇ ಹಿಂತಿರುಗಿ. ಒಳಗೆ ಹೋಗಿ ಬಂದ ಮೇಲೆ ಹಣ ಕೇಳಿದರೆ ಯಾರೂ ಕೊಡುವುದಿಲ್ಲ.